ಕಿಟಕಿ ಸಂಖ್ಯೆ ನಲವತ್ತೇಳು

ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಪ್ರಮೋದ್ ಮನೆಗೆ ಬಂದದ್ದೇ ತಪ್ಪಾಯಿತು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಸಂಬಳದ ಮನುಷ್ಯ ವಾರದ ನಡುವೆ ಆ ಹೊತ್ತಿಗೆ ಮನೆಗೆ ಬಂದರೆ ಮೈಯಲ್ಲಿ ಜ್ವರವಿರಬೇಕು, ಇಲ್ಲವೇ ಊರಿನಲ್ಲಿ ಯಾರಾದರೂ ತೀರಿಕೊಂಡಿರಬೇಕು. ಪ್ರಮೋದನ ಮುಖದಲ್ಲಿ ಎರಡರ ಕಳೆಯೂ ಇರಲಿಲ್ಲ. ಕೈಯಲ್ಲಿ ಇಸ್ತ್ರಿ ಮಾಡಿಸಿದ ಹೊಸ ಶರ್ಟಿತ್ತು. ಬಾಯಲ್ಲಿ ಶಿಳ್ಳೆಯಿತ್ತು.

ಲಿಫ್ಟಿನಲ್ಲಿ ಸೂರ್ಯಕಾಂತಮ್ಮ ಸಿಕ್ಕರು. ಎದುರು ಫ್ಲ್ಯಾಟಿನವರು, ಎಪ್ಪತ್ತೆರಡು ವರ್ಷ. ಗಂಡ ರೈಲ್ವೆ ಗಾರ್ಡಾಗಿ ಇಪ್ಪತ್ತು ವರ್ಷ ಬಳ್ಳಾರಿಯಲ್ಲಿದ್ದುದರಿಂದ ಆಕೆಗೆ ಕನ್ನಡ ಬರುತ್ತಿತ್ತು. ಆ ಕಟ್ಟಡದ ಕನ್ನಡದವರ ಗುಟ್ಟುಗಳೂ ಅದೇ ದಾರಿಯಲ್ಲಿ ಬಂದು ಆಕೆಯನ್ನು ಸೇರುತ್ತಿದ್ದವು.

"ಏನಾತು ಬಾಬು, ಜ್ವರಾನಾ?"

"ಇಲ್ಲಮ್ಮ, ಆರಾಮಾಗಿದ್ದೀನಿ."

"ಇಂಚರಾ ವಿಜಯವಾಡದಾಗ ಅದಾಳಲ್ಲ?"

"ಹೌದಮ್ಮ, ಬ್ಯಾಂಕಿನ ಟ್ರೇನಿಂಗು. ಭವಾನಿಪುರಂನಲ್ಲಿ ಅಕ್ಕನ ಮನೇಲಿದಾಳೆ. ಶುಕ್ರವಾರ ಬರ್ತಾಳೆ."

ಸೂರ್ಯಕಾಂತಮ್ಮ ಶರ್ಟನ್ನು ಕಾಲರಿನಿಂದ ಕೊನೆಯ ಗುಂಡಿಯವರೆಗೆ ನೋಡಿದರು. "ಹೆಂಡ್ತಿ ಊರಾಗಿಲ್ಲ. ಹೊಸ ಅಂಗಿ. ಅರ್ಧ ದಿನ ರಜಾ. ಏನಪ್ಪಾ ಅಂಥಾ ಕೆಲಸ?"

"ಅದು... ಹೇಳೋ ಹಾಗಿಲ್ಲಮ್ಮ."

ಹೇಳುವ ಹಾಗಿರಲಿಲ್ಲ ಎಂಬುದು ನಿಜವೇ. ಹಾಸನದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ, ಬಸ್ ಸ್ಟ್ಯಾಂಡಿನ ಹಿಂದಿನ ಸೈಬರ್ ಸೆಂಟರಿನಲ್ಲಿ ಪ್ರಮೋದ್ ಒಂದು ಜಪಾನಿ ವಿಡಿಯೋ ಗೇಮ್ ಆಡಲು ಕಲಿತಿದ್ದ. ಏಳು ಬಾಗಿಲುಗಳ ಒಂದು ಕೋಟೆ, ಕತ್ತಿ ಹಿಡಿದ ಒಬ್ಬ ಒಂಟಿ ಸಿಪಾಯಿ. ಮೊದಲ ಭಾಗದಲ್ಲಿ ಮೂರು ಬಾಗಿಲು ತೆರೆದವು, ಎರಡನೆಯದರಲ್ಲಿ ಇನ್ನು ಮೂರು. ಏಳನೆಯ ಬಾಗಿಲ ಮೇಲೆ ಸಿಪಾಯಿ ಕೈ ಇಡುತ್ತಿದ್ದಂತೆ ಪರದೆ ಕಪ್ಪಾಯಿತು. ಅದು ಕಪ್ಪಾಗಿ ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟರಲ್ಲಿ ಪ್ರಮೋದ್ ಎಂಜಿನಿಯರಾದ, ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆ ಸೇರಿದ, ಮದುವೆಯಾದ, ತಲೆಗೂದಲನ್ನು ಅರ್ಧ ಕಳೆದುಕೊಂಡ. ಸಿಪಾಯಿ ಮಾತ್ರ ಬಾಗಿಲ ಮೇಲಿಟ್ಟ ಕೈ ತೆಗೆದಿರಲಿಲ್ಲ.

ಆಟ ತಯಾರಿಸುವ ಕಂಪನಿ ವರ್ಷಕ್ಕೊಮ್ಮೆ ಹೊಸ ಆಟಗಳನ್ನು ಘೋಷಿಸುತ್ತಿತ್ತು. ಪ್ರತಿ ವರ್ಷವೂ ಪ್ರಮೋದ್ ರಜೆ ಹಾಕಿ ಕೂರುತ್ತಿದ್ದ. ಪ್ರತಿ ವರ್ಷವೂ ಅವರು ಮೀನು ಹಿಡಿಯುವುದೋ ಕಾರು ಓಡಿಸುವುದೋ ಏನನ್ನಾದರೂ ತೋರಿಸಿ ಕೈಮುಗಿಯುತ್ತಿದ್ದರು. ಕಳೆದ ವರ್ಷ ಇಂಚರಾ ಅವನಿಂದ ತನ್ನ ತಲೆಯ ಮೇಲೆ ಕೈ ಇಡಿಸಿ, ಇನ್ನು ಆಟಕ್ಕಾಗಿ ರಜೆ ಹಾಕುವುದಿಲ್ಲವೆಂದು ಆಣೆ ಮಾಡಿಸಿದ್ದಳು.

ಈ ಸಲ ಕಂಪನಿಯಿಂದಲೇ ಪತ್ರ ಬಂತು. ಜಗತ್ತಿನಾದ್ಯಂತ ನೂರು ಜನ ಹಳೆಯ ಆಟಗಾರರನ್ನು ಚೀಟಿ ಎತ್ತಿ ಆರಿಸಿದ್ದರು. ಘೋಷಣೆಯ ಹೊತ್ತಿಗೆ ಆ ನೂರು ಜನರ ಮುಖಗಳು ನೂರು ಪುಟ್ಟ ಕಿಟಕಿಗಳಲ್ಲಿ ನೇರವಾಗಿ ಪರದೆಯ ಮೇಲೆ ಕಾಣುತ್ತವೆ. ಪ್ರಮೋದನದು ನಲವತ್ತೇಳನೆಯ ಕಿಟಕಿ. ಆಮೇಲೆ ಆ ನೂರು ಜನರಿಗೆ ಮಾತ್ರ ಒಂದೇ ನಿಮಿಷ, ಒಂದೇ ಸಲ, ಏಳನೆಯ ಬಾಗಿಲು ತೆರೆದು ತೋರಿಸುತ್ತಾರೆ. ಉಳಿದ ಪ್ರಪಂಚ ಇನ್ನೂ ಎರಡು ವರ್ಷ ಕಾಯಬೇಕು.

ಪ್ರಮೋದ್ ಸುಲಭಕ್ಕೆ ನಂಬುವವನಲ್ಲ. ಪತ್ರ ಬಂದ ವಿಳಾಸವನ್ನು ಅಕ್ಷರ ಅಕ್ಷರವಾಗಿ ಕಂಪನಿಯ ವಿಳಾಸದೊಂದಿಗೆ ಹೋಲಿಸಿದ. ಅವರ ಕಚೇರಿಗೇ ಬರೆದು ಕೇಳಿದ. ನಿಜವೆಂದು ಖಾತ್ರಿಯಾದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ.

ಪತ್ರದ ಜೊತೆ ನಿಯಮಗಳಿದ್ದವು. ಎರಡೂವರೆಗೆ ಕ್ಯಾಮೆರಾದ ಮುಂದೆ ಕೂರಬೇಕು, ಮೂರೂವರೆಗೆ ಘೋಷಣೆ, ನಾಲ್ಕರವರೆಗೆ ಏಳಬಾರದು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಫೋನು ಆಫ್ ಆಗಿರಬೇಕು. ಗುರುತಿನ ಚೀಟಿ ತೋರಿಸಬೇಕು. ಮನೆಯವರಿಗೂ ಹೇಳಬಾರದು. ಹೆಂಡತಿಗೆ ಹೇಳಬಾರದೆಂದು ಜಪಾನಿನವರೇ ಬರೆದು ಕೊಟ್ಟದ್ದು ಪ್ರಮೋದನಿಗೆ ದೇವರು ಕಳಿಸಿದ ಅಪ್ಪಣೆಯಂತೆ ಕಂಡಿತು.

ಅವನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಹಿಂದಿನ ಭಾನುವಾರ ಕಟ್ಟಡದ ಸೆಲ್ಲಾರಿನಲ್ಲಿ, ಸ್ಕೂಟರುಗಳನ್ನು ಸರಿಸಿ ಕುರ್ಚಿ ಹಾಕಿ, ಸೈಬರ್ ಪೊಲೀಸ್ ಎಸ್‌ಐ ಗಂಗಾಭವಾನಿಯವರ ಭಾಷಣ ಏರ್ಪಾಡಾಗಿತ್ತು. ವಿಷಯ: ಡಿಜಿಟಲ್ ಅರೆಸ್ಟ್. ಕಳ್ಳರು ಪೊಲೀಸರಂತೆ ವೇಷ ಹಾಕಿ ವಿಡಿಯೋ ಕಾಲ್ ಮಾಡುತ್ತಾರೆ; ಕ್ಯಾಮೆರಾ ಬಿಟ್ಟು ಏಳಬೇಡ, ಬಾಗಿಲು ತೆಗೆಯಬೇಡ, ಫೋನು ಆಫ್ ಮಾಡು, ಗುರುತಿನ ಚೀಟಿ ತೋರಿಸು, ಯಾರಿಗೂ ಹೇಳಬೇಡ ಎಂದು ಹೆದರಿಸಿ ಮನುಷ್ಯನನ್ನು ಅವನ ಮನೆಯಲ್ಲೇ ಸೆರೆ ಇಡುತ್ತಾರೆ. ಇಡೀ ಕಟ್ಟಡ ಕಾಫಿ ಕುಡಿಯುತ್ತಾ ಇದನ್ನು ಬಾಯಿಪಾಠ ಮಾಡಿತ್ತು. ಪ್ರಮೋದ್ ಮಾತ್ರ ಮೇಲೆ ಕೂತು, ಕಂಪನಿಯ ಜಾಲತಾಣದ ಬಣ್ಣ ಕಂದಿನಿಂದ ನೀಲಿಗೆ ಬದಲಾದದ್ದು ಯಾವುದರ ಸೂಚನೆ ಎಂದು ಅಮೆರಿಕದವನೊಬ್ಬ ಮಾಡಿದ ವಿವರಣೆ ಕೇಳುತ್ತಿದ್ದ.

ಎರಡೂವರೆಗೆ ಪ್ರಮೋದ್ ಹೊಸ ಶರ್ಟು ತೊಟ್ಟು ಲ್ಯಾಪ್‌ಟಾಪಿನ ಮುಂದೆ ಕೂತ. ಜಪಾನಿನ ಹುಡುಗಿಯೊಬ್ಬಳು ಆಧಾರ್ ಕಾರ್ಡ್ ತೋರಿಸಲು ಹೇಳಿದಳು, ತೋರಿಸಿದ; ಘೋಷಣೆಗೆ ಮೊದಲು ಇನ್ನೊಮ್ಮೆ ತೋರಿಸಬೇಕೆಂದಳು. ಎರಡು ನಿಮಿಷಕ್ಕಿಂತ ಹೆಚ್ಚು ಎದ್ದರೆ ಕಿಟಕಿಯನ್ನು ಕಾಯುವ ಪಟ್ಟಿಯವರಿಗೆ ಕೊಡುತ್ತೇವೆ ಎಂದು ನಗುತ್ತಲೇ ಹೇಳಿದಳು.

ಬಾಗಿಲ ಗಂಟೆ ಸದ್ದು ಮಾಡಿತು.

"ಬಾಬು, ಪುಳಿಹೋರ ತಂದೀನಿ, ಬಾಗ್ಲಾ ತೆಗಿ."

"ಈಗ ಬರೋಕಾಗಲ್ಲಮ್ಮ!" ಪ್ರಮೋದ್ ಕೂತಲ್ಲಿಂದಲೇ ಕೂಗಿದ. "ನಾಲ್ಕು ಗಂಟೆವರೆಗೆ ಏಳೋ ಹಾಗಿಲ್ಲ!"

"ಯಾರು ಹೇಳಿದ್ದು?"

"ಅವರು!"

"ಅವರು ಅಂದ್ರ?"

"ಹೇಳಬಾರದು ಅಂದಿದಾರಮ್ಮ!"

ಹೊರಗೆ ಪುಳಿಯೋಗರೆಯ ತಟ್ಟೆ ನೆಲಕ್ಕೆ ತಾಗಿದ ಸದ್ದಾಯಿತು. ಮೊಣಕಾಲು ನೋವಿನ ಸೂರ್ಯಕಾಂತಮ್ಮ ಮೆಟ್ಟಿಲನ್ನು ಎರಡೆರಡಾಗಿ ಇಳಿದ ಸದ್ದೂ ಕೇಳಿಸಿತು.

ಕೆಳಗಿನ ಮಹಡಿಯಲ್ಲಿ ನರಸಿಂಹಮೂರ್ತಿ ಇದ್ದರು. ತುಮಕೂರಿನವರು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಮೂವತ್ತು ವರ್ಷ ಇತರರ ರಜೆ ಅರ್ಜಿಗಳನ್ನು ಅನುಮಾನದಿಂದ ಓದಿ ನಿವೃತ್ತರಾದವರು. ಅವರು ಮೊದಲು ವಿಜಯವಾಡಕ್ಕೆ ಫೋನು ಮಾಡಿದರು. ಇಂಚರಾ ಪ್ರಮೋದನಿಗೆ ಮಾಡಿದಳು. ಆಫ್. ಮತ್ತೆ ಮಾಡಿದಳು. ಆಫ್. ನರಸಿಂಹಮೂರ್ತಿ ವಾಚ್‌ಮನ್ ಮಣಿಕಂಠನನ್ನು ಎದುರು ಕಟ್ಟಡದ ಟೆರೇಸಿಗೆ ಕಳಿಸಿದರು. ಮಣಿಕಂಠ ಬೆವರು ಒರೆಸುತ್ತಾ ಬಂದು ವರದಿ ಒಪ್ಪಿಸಿದ: ಸಾರು ಹೊಸ ಶರ್ಟು ಹಾಕಿ ಕಂಬದಂತೆ ನೆಟ್ಟಗೆ ಕೂತಿದ್ದಾರೆ, ಲ್ಯಾಪ್‌ಟಾಪಿಗೆ ಆಧಾರ್ ತೋರಿಸುತ್ತಿದ್ದಾರೆ, ತಲೆ ಬಗ್ಗಿಸಿ ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದಾರೆ.

"ಹೋಯ್ತು," ಎಂದ ನರಸಿಂಹಮೂರ್ತಿ ಎಸ್‌ಐಗೆ ಫೋನು ಮಾಡಿದರು.

ಮೂರೂ ಇಪ್ಪತ್ತಕ್ಕೆ ಬಾಗಿಲ ಹೊರಗೆ ಪಿಸುಮಾತು ಕೇಳಿ ಪ್ರಮೋದನಿಗೂ ಅನುಮಾನ ಹುಟ್ಟಿತು. ಇಷ್ಟು ಜನ ಇವತ್ತೇ ಯಾಕೆ ಬಂದರು? ಕಾಯುವ ಪಟ್ಟಿಯಲ್ಲಿರುವವನು ಇದೇ ಕಟ್ಟಡದಲ್ಲಿದ್ದಾನೆಯೇ? ಈ ನರಸಿಂಹಮೂರ್ತಿ ನಿವೃತ್ತಿಯಾದ ಮೇಲೆ ಹಗಲೆಲ್ಲ ಏನು ಮಾಡುತ್ತಾರೆಂದು ಯಾರು ಬಲ್ಲರು?

"ರೀ ಪ್ರಮೋದ್! ಒಳಗೆ ಯಾರಿದಾರೆ?"

"ಯಾರೂ ಇಲ್ಲ ಸಾರ್!"

"ಮತ್ತೆ ಇಂಗ್ಲಿಷ್‌ನಲ್ಲಿ ಯಾರ ಹತ್ರ ಎಸ್ ಮೇಡಂ, ಎಸ್ ಮೇಡಂ ಅಂತಿದೀರಿ?"

"ಸಾರ್, ದಯವಿಟ್ಟು ಹೋಗಿ! ಹತ್ತೇ ನಿಮಿಷ!"

"ಹೆದರಬೇಡಿ ರೀ, ನಾವಿದೀವಿ!"

ಮೂರೂ ಇಪ್ಪತ್ತೆಂಟಕ್ಕೆ ಬೀಗದಲ್ಲಿ ಕೀಲಿ ತಿರುಗಿತು. ಕೆಲಸದವಳಿಗೆಂದು ಇಂಚರಾ ಸೂರ್ಯಕಾಂತಮ್ಮನ ಬಳಿ ಕೊಟ್ಟಿದ್ದ ಕೀಲಿ. ನರಸಿಂಹಮೂರ್ತಿ ಒಂದು ತೋಳು, ಮಣಿಕಂಠ ಇನ್ನೊಂದು ತೋಳು ಹಿಡಿದು, ಅಕ್ಕಿ ಮೂಟೆಯಂತೆ ಪ್ರಮೋದನನ್ನು ಎತ್ತಿ ಮೆಟ್ಟಿಲ ಬಳಿಗೆ ತಂದರು. ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಸಾಕ್ಷಿ ಬೇಕಾಗುತ್ತದೆ, ಲೈನು ಕತ್ತರಿಸಬೇಡಿ ಎಂದು ಎಸ್‌ಐ ಫೋನಿನಲ್ಲಿ ಹೇಳಿದ್ದರಿಂದ, ಸೂರ್ಯಕಾಂತಮ್ಮ ಖಾಲಿಯಾದ ಕುರ್ಚಿಯಲ್ಲಿ ತಾವೇ ಕೂತು ಕಾವಲು ಕಾದರು.

"ಬಿಡಿ ಸಾರ್! ಅದು ಗೇಮು! ಗೇಮಿನ ಘೋಷಣೆ!"

ನರಸಿಂಹಮೂರ್ತಿ ಕನಿಕರದಿಂದ ನೋಡಿದರು. "ನಲವತ್ತೊಂದು ವರ್ಷದ ಎಂಜಿನಿಯರು ಆಟದ ಘೋಷಣೆ ನೋಡೋಕೆ ರಜೆ ಹಾಕ್ತಾನಾ? ಏನ್ರೀ, ಹೀಗೇ ಹೇಳು ಅಂತ ಕಲಿಸಿಕೊಟ್ರಾ?"

"ಇಂಚರಾನ ಕೇಳಿ! ಅವಳಿಗೆ ಗೊತ್ತು!"

ಫೋನು ಸ್ಪೀಕರಿನಲ್ಲೇ ಇತ್ತು. ಭವಾನಿಪುರಂನಿಂದ ಇಂಚರಾ ಹೇಳಿದಳು. "ಅಂಕಲ್, ಆಟಕ್ಕೆ ರಜೆ ಹಾಕಲ್ಲ ಅಂತ ಅವರು ನನ್ನ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದಾರೆ. ನನ್ನ ಗಂಡ ಅಂಥಾ ಮನುಷ್ಯ ಅಲ್ಲ. ಅವರನ್ನ ಬಿಡಬೇಡಿ, ಗಟ್ಟಿಯಾಗಿ ಹಿಡ್ಕೊಳ್ಳಿ."

ಅವರು ಗಟ್ಟಿಯಾಗಿ ಹಿಡಿದುಕೊಂಡರು.

ಒಳಗಿನಿಂದ ಸಂಗೀತ ಕೇಳಿಸಿತು. ಹತ್ತೊಂಬತ್ತು ವರ್ಷದ ಹಿಂದಿನ ಅದೇ ಕೊಳಲು. ಪ್ರಮೋದ್ ಬಾಗಿಲ ಕಡೆಗೆ ಜಗ್ಗಿದ. ಕೊಳಲು ನಿಂತಿತು, ಭಾರವಾದ ಮರದ ಬಾಗಿಲೊಂದು ಕಿರುಗುಟ್ಟಿತು. ಅದರ ಮೇಲಿಂದ ಸೂರ್ಯಕಾಂತಮ್ಮ ತೆಲುಗಿನಲ್ಲಿ ಕಿರುಚಿದ್ದು ಮೂರು ಮಹಡಿಗೂ ಕೇಳಿಸಿತು: "ಏಯ್, ಒಳಗ್ಯಾರಿದಾರೆ ಅಂತ ಕೇಳದೆ ಬಾಗಿಲು ತೆಗೀತೀಯಾ? ಬುದ್ಧಿ ಇಲ್ವಾ ನಿನಗೆ? ತೆಗೀಬೇಡ! ಹೇಳಿದ್ದು ಕೇಳಿಸ್ತಿಲ್ವಾ? ಅಯ್ಯೋ, ತೆಗೆದೇಬಿಟ್ಟ!"

ಆಮೇಲೆ ಒಂದು ನಿಮಿಷ ಸದ್ದೇ ಇಲ್ಲ.

ಪ್ರಮೋದ್ ಕೈ ಕೊಸರಿಕೊಂಡು ಒಳಗೆ ನುಗ್ಗಿದಾಗ ಎಲ್ಲ ಮುಗಿದಿತ್ತು. ಪರದೆಯ ಮೇಲೆ ತೊಂಬತ್ತೊಂಬತ್ತು ಜನ ಅಳುತ್ತಿದ್ದರು, ಕುಣಿಯುತ್ತಿದ್ದರು. ನಲವತ್ತೇಳನೆಯ ಕಿಟಕಿಯಲ್ಲಿ ಸೂರ್ಯಕಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಅಮ್ಮಾ, ಒಳಗೆ ಏನಿತ್ತು?"

ಆಕೆ ಅವನನ್ನು ಅನುಮಾನದಿಂದ ನೋಡಿದರು. "ನಿಂಗ್ಯಾಕ ಹೇಳ್ಲಿ? ಪೊಲೀಸಮ್ಮ ಬರಲಿ. ನಾನು ಸಾಕ್ಷಿ."

ಎಸ್‌ಐ ಗಂಗಾಭವಾನಿ ನಾಲ್ಕೂ ಹತ್ತಕ್ಕೆ ಬಂದರು. ಪತ್ರ ಓದಿದರು, ಕಂಪನಿಯ ಜಾಲತಾಣ ನೋಡಿದರು, ತಮ್ಮ ಕಚೇರಿಯ ಪರಿಣತರಿಗೆ ಫೋನು ಮಾಡಿದರು. ಪ್ರಮೋದನನ್ನು ಸೋಫಾದ ಮೇಲೆ ಇಬ್ಬರ ನಡುವೆ ಕೂರಿಸಲಾಗಿತ್ತು. ಅರ್ಧ ಗಂಟೆಯ ಮೇಲೆ ಎಸ್‌ಐ ತಲೆ ಎತ್ತಿ ತೆಲುಗಿನಲ್ಲಿ ಹೇಳಿದರು. "ಇದು ನಿಜವಾದ ಕಂಪನಿ ಕಣ್ರೀ. ಮೋಸ ಏನಿಲ್ಲ."

ನರಸಿಂಹಮೂರ್ತಿ ಪ್ರಮೋದನ ತೋಳು ಬಿಟ್ಟು, ಮುದುಡಿದ ಶರ್ಟಿನ ಕೈಯನ್ನು ಎರಡು ಸಲ ತಟ್ಟಿ ಸರಿಮಾಡಿದರು. ಫೋನಿನಿಂದ ಇಂಚರಾಳ ದನಿ ನಿಧಾನವಾಗಿ ಬಂತು. "ಅಂದ್ರೆ, ಆಟಕ್ಕೇ ರಜೆ ಹಾಕಿದ್ರಾ? ಇರಲಿ. ಶುಕ್ರವಾರ ಬರ್ತೀನಿ."

ಆಗ ಲ್ಯಾಪ್‌ಟಾಪಿಗೆ ಹೊಸ ಪತ್ರವೊಂದು ಬಂದು ಬಿತ್ತು. ಎಸ್‌ಐ ಓದುತ್ತಾ ಹೋದಂತೆ ಪ್ರಮೋದನ ಬೆನ್ನು ನೆಟ್ಟಗಾಯಿತು. ಇಷ್ಟು ವರ್ಷದಲ್ಲಿ ಯಾವ ಆಟಗಾರನೂ ತಮ್ಮ ಸಿಪಾಯಿಯ ಬಗ್ಗೆ ಇಷ್ಟು ಕಾಳಜಿ ತೋರಿಸಿ ಬೈದದ್ದಿಲ್ಲವೆಂದು ಆಟ ತಯಾರಿಸಿದವರು ಬರೆದಿದ್ದರು. ನಲವತ್ತೇಳನೆಯ ಕಿಟಕಿಯ ಅಜ್ಜಿ ಟೋಕಿಯೋಗೆ ಬಂದು ಅದೇ ಬೈಗುಳವನ್ನು ಆಟಕ್ಕಾಗಿ ಧ್ವನಿಮುದ್ರಿಸಿಕೊಡಬೇಕು, ಇಡೀ ಆಟವನ್ನು ಎಲ್ಲರಿಗಿಂತ ಮೊದಲು ನೋಡಬೇಕು. ಖರ್ಚೆಲ್ಲ ಅವರದೇ. ಕಂಡದ್ದನ್ನು ಅಲ್ಲಿಯವರೆಗೆ ಯಾರಿಗೂ ಹೇಳಬಾರದು. ಜೊತೆಗೆ ಒಬ್ಬರನ್ನು ಕರೆತರಬಹುದು.

ಪ್ರಮೋದ್ ಸೋಫಾದಿಂದ ಜಾರಿ ಸೂರ್ಯಕಾಂತಮ್ಮನ ಕಾಲ ಬಳಿ ಕೂತ. ಅವಮಾನ, ಹೆಂಡತಿ, ಶುಕ್ರವಾರ ಎಲ್ಲ ಮರೆತುಹೋಗಿತ್ತು. "ಅಮ್ಮಾ, ನಿಮ್ಮ ಬ್ಯಾಗು ನಾನು ಹೊರ್ತೀನಿ. ಮಾತ್ರೆ ನಾನು ಕೊಡ್ತೀನಿ. ಅಲ್ಲಿ ಸಸ್ಯಾಹಾರ ಹುಡುಕಿ ತರ್ತೀನಿ. ಜೊತೆಗೊಬ್ಬರು ಅಂದ್ರೆ..."

ಸೂರ್ಯಕಾಂತಮ್ಮ ಅವನ ಅರೆಬೋಳು ತಲೆಯ ಮೇಲೆ ಕೈಯಾಡಿಸಿದರು. ಆಕೆಯ ಕಣ್ಣು ನಿಜಕ್ಕೂ ತೇವಗೊಂಡಿತ್ತು.

"ನೀನು ಬ್ಯಾಡಪ್ಪ. ಒಳ್ಳೆ ಹುಡುಗ ನೀನು, ಇಲ್ಲ ಅನ್ನಂಗಿಲ್ಲ. ಆದ್ರ ಯಾರು ಕರೆದ್ರೂ ನಂಬಿ ಕುಂತ್‌ಬಿಡ್ತಿ. ಪರದೇಶ ಬ್ಯಾರೆ."

ಆಮೇಲೆ ಎಸ್‌ಐ ಕಡೆ ತಿರುಗಿ, ತೆಲುಗಿನಲ್ಲಿ ಕೇಳಿದರು:

"ಅಮ್ಮಾ ಗಂಗಾಭವಾನಿ, ನಿನ್ನ ಹತ್ರ ಪಾಸ್‌ಪೋರ್ಟ್ ಇದೆಯಾ?"