ಹದಿನೆಂಟು ಕೋಟಿ ಡಾಲರಿನ ಅತಿಥಿ

“ನೀ ರೊಟ್ಟಿ ಬಡಿ. ರೊಕ್ಕ ತರೂದು ನನಗ ಬಿಡು!” ಎಂದು ಕಲ್ಮೇಶ ಎಡಗೈಯಲ್ಲಿ ಚಹಾದ ಕಪ್ಪು ಹಿಡಿದು, ಬಲಗೈಯನ್ನು ಅಮೆರಿಕದ ವುಡಿನ್‌ವಿಲ್‌ನ ಆಕಾಶಕ್ಕೆ ಎತ್ತಿ ಪ್ರತಿಜ್ಞೆ ಮಾಡಿದ. ಭೀಷ್ಮ ಪ್ರತಿಜ್ಞೆ ಮಾಡಿದಾಗ ದೇವತೆಗಳು ಹೂಮಳೆ ಸುರಿಸಿದರಂತೆ. ಕಲ್ಮೇಶನ ಪ್ರತಿಜ್ಞೆಗೆ ಹೆಂಡತಿ ರಾಜೇಶ್ವರಿ, “ಮೊದ್ಲ ಆ ಕಪ್ ಸಿಂಕಿನ್ಯಾಗ ಇಡ್ರಿ,” ಎಂದಳು.

ರಾಜೇಶ್ವರಿ ಹೋದ ವರ್ಷದಿಂದ ಅಲ್ಲಿನ ವಾರದ ಮಾರ್ಕೆಟ್ಟಿನಲ್ಲಿ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಿದ್ದಳು. ಬೈಲಹೊಂಗಲದ ರೊಟ್ಟಿಯನ್ನು ಅಮೆರಿಕನ್ನರು ‘ಗ್ಲೂಟನ್ ಫ್ರೀ ಕ್ರ್ಯಾಕರ್’ ಎಂದು ಕರೆದು ಚೀಸ್ ಹಚ್ಚಿ ತಿನ್ನುತ್ತಿದ್ದರು. ಹೆಸರು ಏನಾದರೂ ಇಟ್ಟುಕೊಳ್ಳಲಿ, ರೊಕ್ಕ ಕೊಟ್ಟು ತಿಂದರೆ ಸಾಕು ಎಂದು ಅವಳು ಸುಮ್ಮನಿದ್ದಳು. ಈಗ ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿ ಕೆಫೆ ನಡೆಸುವ ಅಲಮೇಲು ಅನ್ನುವಾಕೆ ಮುನ್ನೂರು ರೊಟ್ಟಿಗೆ ಆರ್ಡರ್ ಕೊಟ್ಟಿದ್ದಳು. ಭಾನುವಾರ ಬೆಳಿಗ್ಗೆ ತಲುಪಬೇಕು. ಹೇಳಿದ ಹೊತ್ತಿಗೆ ತಲುಪಿದರೆ ಪ್ರತಿ ವಾರ ಮುನ್ನೂರು. ತಪ್ಪಿದರೆ ಆಕೆ ಬೇರೆ ಯಾರನ್ನೋ ನೋಡಿಕೊಳ್ಳುತ್ತಾಳೆ. ಆ ಕಾಯಂ ಆರ್ಡರನ್ನು ನಂಬಿಕೊಂಡೇ ರಾಜೇಶ್ವರಿ ಹತ್ತಿರದ ಊರಾದ ಶೋರ್‌ಲೈನ್‌ನಲ್ಲಿ ಒಂದು ದೊಡ್ಡ ಅಡುಗೆಮನೆಯನ್ನು ಬಾಡಿಗೆಗೆ ಹಿಡಿಯಲು ಹೊರಟಿದ್ದಳು. ವಾರವಿಡೀ ಬಡಿದು, ಬೇಯಿಸಿ, ಗರಿಗರಿ ಮಾಡಿದ ರೊಟ್ಟಿಗಳು ಐದು ಸ್ಟೀಲ್ ಡಬ್ಬಿಗಳಲ್ಲಿ ಗ್ಯಾರೇಜಿನಲ್ಲಿ ಭದ್ರವಾಗಿದ್ದವು.

ಆದರೆ ಕಲ್ಮೇಶನಿಗೆ ಮುನ್ನೂರು, ಬಾಡಿಗೆ ಎಂಬಂಥ ಚಿಲ್ಲರೆ ಮಾತುಗಳು ರುಚಿಸುತ್ತಿರಲಿಲ್ಲ. ಅವನ ಕಣ್ಣು ಡೆಲ್‌ರಾಯ್ ಟಿಬ್ಸ್ ಮೇಲೆ ಬಿದ್ದಿತ್ತು. ಈ ಡೆಲ್‌ರಾಯ್ ನಿವೃತ್ತ ಬಾಸ್ಕೆಟ್‌ಬಾಲ್ ತಾರೆ. ಕಳೆದ ಚಳಿಗಾಲದಲ್ಲಿ ಅವರ ಮನೆಯಿಂದ ಎರಡು ರಸ್ತೆ ಆಚೆಗೆ ಬಂದು ನೆಲೆಸಿದ್ದ. ರಾಜೇಶ್ವರಿಯ ಅಂಗಡಿಯಲ್ಲಿ ವಾರವಾರ ರೊಟ್ಟಿ ಕೊಳ್ಳುತ್ತಿದ್ದ. ಅವಳ ಪಾಲಿಗೆ ಅವನು ‘ಆ ಎತ್ತರದ ಗಿರಾಕಿ’, ಅಷ್ಟೇ. ಒಂದು ದಿನ ಕಲ್ಮೇಶ ಅವನ ಗುರುತು ಹಿಡಿದು, ಫೋನಿನಲ್ಲಿ ಹುಡುಕಿ ನೋಡಿದ. ಹದಿನೈದು ವರ್ಷದ ಆಟದಲ್ಲಿ ಗಳಿಸಿದ್ದು ಹದಿನೆಂಟು ಕೋಟಿ ಡಾಲರ್! ತಾನು ಅಷ್ಟು ಗಳಿಸಲು ಏನು ಮಾಡಬೇಕು ಎಂದು ಲೆಕ್ಕ ಹಾಕಿದ. ಸುಮಾರು ಮೂವತ್ತು ಜನ್ಮ ಬೇಕಿತ್ತು. ಮೂವತ್ತರಲ್ಲೂ ಸಾಫ್ಟ್‌ವೇರ್ ಎಂಜಿನಿಯರನೇ ಆಗಿ ಹುಟ್ಟಬೇಕಿತ್ತು, ನಡುವೆ ಒಂದು ಲೇಆಫ್ ಕೂಡ ಇರಬಾರದಿತ್ತು!

“ಕಾರ್ ತೊಳಿಯೋ ಅಂಗಡಿ, ಪಿಜ್ಜಾ ಅಂಗಡಿ, ಜಿಮ್ಮು, ಎಲ್ಲಾದ್ರಾಗೂ ರೊಕ್ಕ ಹಾಕ್ಯಾನ. ನಿನ್ನ ರೊಟ್ಟಿಗೆ ಹಾಕಾಕ ಏನ್ ಧಾಡಿ?”

“ಅವೆಲ್ಲಾ ಛಲೋ ನಡದಾವೇನ್ರಿ?”

“ಅದು ಮುಖ್ಯ ಅಲ್ಲ!”

ಹೀಗೆ ಮುಖ್ಯವಾದುದನ್ನು ಬದಿಗಿಟ್ಟು, ಕಲ್ಮೇಶ ಆ ಮಹಾನುಭಾವನನ್ನು ಶನಿವಾರ ಮಧ್ಯಾಹ್ನ ಊಟಕ್ಕೆ ಕರೆದಿದ್ದ. ಲ್ಯಾಪ್‌ಟಾಪಿನಲ್ಲಿ ನಲವತ್ತು ಸ್ಲೈಡು ತಯಾರಿದ್ದವು. ಕೊನೆಯ ಸ್ಲೈಡಿನಲ್ಲಿ ಜೋಳದ ರೊಟ್ಟಿ ಭೂಗೋಳದ ಸುತ್ತ ಚಂದ್ರನಂತೆ ಸುತ್ತುತ್ತಿತ್ತು.

ಅದೇ ಹೊತ್ತಿಗೆ ರಾಜೇಶ್ವರಿ ಶೋರ್‌ಲೈನ್‌ನ ಅಡುಗೆಮನೆ ಮಾಲೀಕನನ್ನು ಕಾಣಬೇಕಿತ್ತು. ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಮೂವತ್ತು ರೊಟ್ಟಿಯ ಒಂದು ಅಟ್ಟಿ, ಎಲ್ಲವನ್ನೂ ಟೇಬಲ್ ಮೇಲೆ ಜೋಡಿಸಿ, ಕಾರಿನ ಕೀ ಎತ್ತಿಕೊಂಡಳು.

“ಇಬ್ಬರಿಗೆ ಇದು ಬೇಕಾದಷ್ಟಾತು. ಗ್ಯಾರೇಜಿನ ಡಬ್ಬಿ ಮಾತ್ರ ಮುಟ್ಟಬ್ಯಾಡ್ರಿ.”

“ನಾ ಯಾಕ ಮುಟ್ಲಿ? ನಾನೇನು ಸಣ್ಣ ಹುಡುಗನ?”

ಅವಳು ಉತ್ತರ ಕೊಡದೆ ಹೊರಟಳು. ಮದುವೆಯಾಗಿ ಹದಿನಾಲ್ಕು ವರ್ಷವಾದ ಹೆಂಗಸರು ಇಂಥ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಬಾಗಿಲ ಗಂಟೆಯ ಸದ್ದಾಯಿತು. ಡೆಲ್‌ರಾಯ್ ಸೊಂಟ ಬಗ್ಗಿಸಿ ಒಳಬಂದ. ಅವನ ಹಿಂದೆ ಇಬ್ಬರು ಕಸಿನ್‌ಗಳು. ಒಬ್ಬ ಮ್ಯಾನೇಜರಂತೆ, ಇನ್ನೊಬ್ಬ ಸೆಕ್ಯುರಿಟಿಯಂತೆ. ಎರಡು ಡಬಲ್ ಡೋರ್ ಫ್ರಿಜ್ಜುಗಳು ತಾವಾಗಿಯೇ ನಡೆದು ಬಂದ ಹಾಗಿತ್ತು. ಕೊನೆಗೆ ಕೈಯಲ್ಲಿ ಪರ್ಸು ಹಿಡಿದ, ಕಲ್ಮೇಶನ ಭುಜಕ್ಕೂ ಬಾರದ ಒಬ್ಬ ವಯಸ್ಸಾದ ಹೆಂಗಸು.

“ನಮ್ಮ ಅಮ್ಮ,” ಎಂದ ಡೆಲ್‌ರಾಯ್.

ಕಲ್ಮೇಶ ಆಕೆಗೆ ಒಂದು ನಮಸ್ಕಾರ ಹಾಕಿ, ಕಿಟಕಿಯ ಪಕ್ಕದ ಕುರ್ಚಿ ತೋರಿಸಿ, ಅಲ್ಲಿಗೆ ಆಕೆಯನ್ನು ಮರೆತುಬಿಟ್ಟ. ಹದಿನೆಂಟು ಕೋಟಿ ಎದುರಿಗೆ ಕೂತಿರುವಾಗ ಅಮ್ಮನನ್ನು ಯಾರು ನೋಡುತ್ತಾರೆ!

ಈಗ ನಮ್ಮ ಕಡೆಯ ಪದ್ಧತಿ ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಉಣ್ಣುವವರ ಮುಂದೆ ರೊಕ್ಕದ ಮಾತು ಎತ್ತಬಾರದು. ಕೈ ತೊಳೆದು, ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆಯೇ ವ್ಯವಹಾರ. ಎರಡನೆಯದಾಗಿ, ಅತಿಥಿಯ ತಾಟು ಬರಿದಾಗಬಾರದು. ಅವನು ‘ಸಾಕು’ ಅಂದರೆ ಒಂದು ಬಡಿಸಬೇಕು. ‘ಸಾಕ್ರೀ’ ಅಂದರೆ ಇನ್ನೊಂದು. ‘ಬ್ಯಾಡ್ರೀ ಯಪ್ಪಾ’ ಎಂದು ಎರಡೂ ಕೈಯಿಂದ ತಾಟು ಮುಚ್ಚಿಕೊಂಡು ಅಂಗಲಾಚಿದಾಗ ಅರ್ಧ ರೊಟ್ಟಿ ಹಾಕಿ ಬಿಡುಗಡೆ ಮಾಡಬೇಕು. ಕಲ್ಮೇಶ ಈ ಧರ್ಮದಲ್ಲಿ ಹುಟ್ಟಿ ಬೆಳೆದವನು. ಆದರೆ ಟಿಬ್ಸ್ ಮನೆತನದ ಧರ್ಮ ಬೇರೆಯಿತ್ತು. ಇನ್ನೊಬ್ಬರ ಮನೆಯಲ್ಲಿ ಬೇಡ ಅನ್ನಬಾರದು, ತಟ್ಟೆಗೆ ಬಿದ್ದದ್ದನ್ನು ಬಿಡಬಾರದು ಎಂದು ಆ ಮೂವರನ್ನೂ ಚಿಕ್ಕಂದಿನಿಂದ ಗದರಿಸಿ ಬೆಳೆಸಲಾಗಿತ್ತು.

ಕಲ್ಮೇಶ ಬಡಿಸಿದ. ಅವರು ತಿಂದರು. ತಾಟು ಬರಿದಾಯಿತು. ಕಲ್ಮೇಶ ಬಡಿಸಿದ. ‘ಇದೊಂದು ಮುಗಿದರೆ ಸಾಕು ಅಂತಾರೆ, ಸ್ಲೈಡ್ ಶುರು ಮಾಡಬಹುದು’ ಎಂದು ಕಾದ. ಅವರು ಅನ್ನಲಿಲ್ಲ. ಕಿಟಕಿಯ ಪಕ್ಕದ ಅಮ್ಮ ಮಾತ್ರ ಎರಡು ರೊಟ್ಟಿ ತಿಂದು, ತಾಟಿನ ಮೇಲೆ ಅಂಗೈ ಅಡ್ಡ ಇಟ್ಟು, “ಸಾಕು. ತುಂಬಾ ಚೆನ್ನಾಗಿತ್ತು,” ಎಂದಿದ್ದಳು. ಪಾಪ, ಮುದುಕಿಗೆ ಸೇರಲಿಲ್ಲ ಎಂದುಕೊಂಡ ಕಲ್ಮೇಶ.

ಮೂವತ್ತರ ಅಟ್ಟಿ ಕರಗಿತು. ಮೂರೂ ತಾಟುಗಳು ಬರಿದಾಗಿ ಅವನನ್ನೇ ನೋಡುತ್ತಿದ್ದವು. ಬೈಲಹೊಂಗಲದ ಏಳು ತಲೆಮಾರಿನ ಮರ್ಯಾದೆ ಆ ತಾಟುಗಳಲ್ಲಿತ್ತು! ಕಲ್ಮೇಶ ಮೆಲ್ಲಗೆ ಗ್ಯಾರೇಜಿಗೆ ನಡೆದ. ಒಂದೇ ಡಬ್ಬಿ. ಅದೂ ಮೇಲಿನ ನಾಲ್ಕೇ ನಾಲ್ಕು ರೊಟ್ಟಿ ಎಂದುಕೊಂಡ.

ಮೊದಲ ಡಬ್ಬಿ ಖಾಲಿಯಾದಾಗ ‘ಇನ್ನೂ ನಾಲ್ಕು ಇವೆಯಲ್ಲ’ ಎಂದುಕೊಂಡ. ಎರಡನೆಯದು ಖಾಲಿಯಾದಾಗ, ಇಷ್ಟು ಹೋದ ಮೇಲೆ ಇನ್ನು ಬಂಡವಾಳ ಗಿಟ್ಟಿಸಿಕೊಳ್ಳದೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದ. ಮೂರನೆಯದರ ಮುಚ್ಚಳವನ್ನು ಕಣ್ಣು ಮುಚ್ಚಿಕೊಂಡೇ ತೆಗೆದ. ಸೆಕ್ಯುರಿಟಿ ಕಸಿನ್ನು ಬೆಲ್ಟು ಸಡಿಲಿಸಿಕೊಂಡ. ಮ್ಯಾನೇಜರ್ ಕಸಿನ್ನಿನ ಹಣೆಯಲ್ಲಿ ಬೆವರು. ಡೆಲ್‌ರಾಯ್ ನೀರು ಕುಡಿದು, ನಿಟ್ಟುಸಿರು ಬಿಟ್ಟು, ಮತ್ತೊಂದು ರೊಟ್ಟಿ ಮುರಿದ. ಅಬ್ಬಾ, ಎಷ್ಟು ಸೇರಿದೆ ಇವರಿಗೆ ಎಂದು ಕಲ್ಮೇಶ ನಾಲ್ಕನೆಯ ಡಬ್ಬಿ ತೆರೆದ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತಾರೆ. ಇಲ್ಲಿ ಐದು ಡಬ್ಬಿ ಯಾವ ಲೆಕ್ಕ?

ರಾಜೇಶ್ವರಿ ಮೂರು ಗಂಟೆಗೆ ನಗುನಗುತ್ತ ಬಂದಳು. ಅಡುಗೆಮನೆ ಸಿಗುವುದು ಖಚಿತವಾಗಿತ್ತು. ಗ್ಯಾರೇಜಿಗೆ ಬಂದವಳು ಅಲ್ಲೇ ನಿಂತಳು. ಐದೂ ಡಬ್ಬಿ ಬಾಯಿ ತೆರೆದು ಬಿದ್ದಿದ್ದವು, ಕೊನೆಯದರಲ್ಲಿ ಕೈ ಹಾಕಿ ಕಲ್ಮೇಶ ನಿಂತಿದ್ದ.

“ಡಬ್ಬಿ ಯಾಕ ತೆಗದ್ರಿ?”

“ಅವರು ಸಾಕು ಅನ್ನಲೇ ಇಲ್ಲಲೇ, ರಾಜಿ...”

“ಐದೂ?”

“ಐದನೇದ್ರಾಗ ಇನ್ನೂ ಒಂಬತ್ತು ಅದಾವು.”

ರಾಜೇಶ್ವರಿ ಗ್ಯಾರೇಜಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಬಯ್ಯಲಿಲ್ಲ. ಬಯ್ದಿದ್ದರೆ ಕಲ್ಮೇಶನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಬಿಕ್ಕುತ್ತ, ಸೆರಗಿಲ್ಲದ ಕುರ್ತಾದ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ವಾರವಿಡೀ ಆಫೀಸಿನ ಕೆಲಸ ಮುಗಿಸಿ ಬಂದು ಅವಳು ಹಂಚಿನ ಮುಂದೆ ನಿಂತದ್ದು, ಅಂಗೈ ಕೆಂಪಾಗಿ ಉರಿಯುತ್ತಿದ್ದದ್ದು ಕಲ್ಮೇಶನಿಗೆ ಈಗ ಕಣ್ಣಿಗೆ ಕಟ್ಟಿತು. ಭೂಗೋಳ ಸುತ್ತುವ ರೊಟ್ಟಿಯ ಮೇಲೆ ಅವನಿಗೇ ಅಸಹ್ಯವಾಯಿತು.

ಅಳುವಿನ ಸದ್ದಿಗೆ ನಾಲ್ವರೂ ಬಾಗಿಲಿಗೆ ಬಂದರು. ಕಲ್ಮೇಶ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಸಿದ. ಡೆಲ್‌ರಾಯ್ ಮುಖ ಬಿಳಿಚಿತು.

“ನೀವು ಹಾಕ್ತಾನೇ ಇದ್ರಿ! ಬೇಡ ಅಂದ್ರೆ ನಿಮಗೆ ಅವಮಾನ ಆಗುತ್ತೆ ಅಂತ ತಿಂದ್ವಿ!”

“ನೀವು ತಿಂತಾನೇ ಇದ್ರಿ! ನಿಲ್ಲಿಸಿದ್ರೆ ನಿಮಗೆ ಅವಮಾನ ಆಗುತ್ತೆ ಅಂತ ಹಾಕಿದೆ!”

“ನನಗೆ ಅರ್ಧ ಗಂಟೆ ಹಿಂದಿನಿಂದ ಉಸಿರಾಡೋಕೆ ಆಗ್ತಿಲ್ಲ,” ಎಂದ ಸೆಕ್ಯುರಿಟಿ ಕಸಿನ್ನು ಗೋಡೆ ಹಿಡಿದುಕೊಂಡು.

ರಾಜೇಶ್ವರಿ ಎದ್ದಳು. ಮುಖ ತೊಳೆದಳು. ಕೂದಲು ಗಂಟು ಹಾಕಿದಳು. “ಹಿಟ್ಟಿನ ಚೀಲ ಐತಿ, ಒಲಿ ಐತಿ, ಕೈ ಅದಾವು. ಅತ್ತರ ಆರ್ಡರ್ ಹೋಗೂದಿಲ್ಲ. ಏಳ್ರಿ ಎಲ್ಲಾರೂ!” ಮಾತೆಲ್ಲ ಕನ್ನಡದಲ್ಲೇ ಇತ್ತು. ಆದರೂ ಎಲ್ಲರಿಗೂ ತಿಳಿಯಿತು.

ಮೊದಲು ತೋಳು ಮಡಿಸಿದ್ದು ಡೆಲ್‌ರಾಯ್‌ನ ಅಮ್ಮ. ಆಕೆ ರಾಜೇಶ್ವರಿಯ ಪಕ್ಕದಲ್ಲಿ ನಿಂತು, ಒಂದು ರೊಟ್ಟಿ ಬಡಿಯುವುದನ್ನು ನೋಡಿದಳು. ಎರಡನೆಯದನ್ನು ತಾನೇ ಬಡಿದಳು. ಮೂರನೆಯದು ಗುಂಡಗೆ ಬಂತು. ಇಬ್ಬರು ಕಸಿನ್‌ಗಳು ಬಿಸಿನೀರು ಹಾಕಿ ಹಿಟ್ಟು ನಾದಲು ನಿಂತರು. ಡೆಲ್‌ರಾಯ್ ಬಡಿದ ರೊಟ್ಟಿ ಹಂಚಿಗೆ ಹಾಕಿದ ಕೂಡಲೇ ನಾಲ್ಕೂ ಕಡೆ ಜೋತು ಬಿತ್ತು. ಅವನಿಗೆ ಬೆಂದ ರೊಟ್ಟಿಯನ್ನು ಕೆಂಡದಂತೆ ಕಾದ ಎರಡನೆಯ ಒಲೆಯ ಮೇಲೆ ಗರಿಗರಿ ಮಾಡುವ ಕೆಲಸ ಕೊಟ್ಟರು. ಅವನು ಎತ್ತರದಿಂದ ನೋಡಿ, ಒಂದನ್ನೂ ಕರಕಲಾಗಲು ಬಿಡದೆ ತಿರುವಿ ಹಾಕಿದ. ಕಲ್ಮೇಶನಿಗೆ ಸಿಕ್ಕಿದ್ದು ಪಾತ್ರೆ ತೊಳೆಯುವ ಕೆಲಸ.

ರಾತ್ರಿ ಒಂಬತ್ತರವರೆಗೂ ಮುಳುಗದ ಅಲ್ಲಿನ ಬೇಸಿಗೆಯ ಸೂರ್ಯ ಇನ್ನೂ ಹಿತ್ತಲಲ್ಲಿ ಇರುವಾಗಲೇ ಐದನೆಯ ಡಬ್ಬಿಯ ಮುಚ್ಚಳ ಬಿತ್ತು. ಎಲ್ಲರೂ ಮೈಯೆಲ್ಲ ಹಿಟ್ಟಾಗಿ ನೆಲದ ಮೇಲೆ ಕೂತರು. ಇದೇ ಸಮಯ ಎಂದು ಕಲ್ಮೇಶ ಒದ್ದೆ ಕೈ ಒರೆಸಿಕೊಂಡು, ಲ್ಯಾಪ್‌ಟಾಪ್ ತಂದು ಡೆಲ್‌ರಾಯ್ ಮುಂದೆ ಬಿಚ್ಚಿದ. ಛಲ ಅಂದರೆ ಛಲ!

“ಅದನ್ನ ಮುಚ್ಚಪ್ಪ,” ಎಂದಳು ಅಮ್ಮ. “ಅವನಿಗೆ ತೋರಿಸಿ ಏನು ಪ್ರಯೋಜನ? ಚೆಕ್ ಬರೆಯೋಳು ನಾನು.”

ಕಲ್ಮೇಶನ ಕೈಯಲ್ಲಿ ಲ್ಯಾಪ್‌ಟಾಪು ತಾನಾಗಿಯೇ ಮುಚ್ಚಿಕೊಂಡಿತು. ಮಧ್ಯಾಹ್ನವಿಡೀ ಹದಿನೆಂಟು ಕೋಟಿಗೆ ಬೆನ್ನು ಹಾಕಿ ನಿಂತು ಅವನು ಅದರ ಮಗನಿಗೆ ಬಡಿಸಿದ್ದ!

ಅಮ್ಮ ರಾಜೇಶ್ವರಿಯ ಕಡೆ ತಿರುಗಿದಳು. ಒಂದು ರೊಟ್ಟಿಗೆ ಎಷ್ಟು ಖರ್ಚು, ಎಷ್ಟಕ್ಕೆ ಮಾರುತ್ತೀಯ, ಎಷ್ಟು ಒಡೆಯುತ್ತವೆ ಎಂದು ಕೇಳಿದಳು. ರಾಜೇಶ್ವರಿ ತಡವರಿಸದೆ ಹೇಳಿದಳು.

“ನೋಡಮ್ಮ,” ಎಂದಳು ಅಮ್ಮ, “ನನ್ನ ಮಗ ಗಳಿಸಿದ್ದರಲ್ಲಿ ತೆರಿಗೆ ಹೋಗಿ ಉಳಿದದ್ದರಲ್ಲಿ ಅರ್ಧ ಕರಗಿಹೋಯ್ತು. ಕಳ್ಳರು ಒಯ್ಯಲಿಲ್ಲ. ಕಾರ್ ವಾಶ್ ಅಂತ ಒಬ್ಬ ಬಂದ, ಪಿಜ್ಜಾ ಅಂತ ಒಬ್ಬ ಬಂದ. ಇವನು ಬಡಿಸಿದ. ಇವತ್ತು ನಿನ್ನ ಗಂಡ ಬಡಿಸಿದ ಹಾಗೆಯೇ, ಪ್ರೀತಿಯಿಂದ. ಸಾಕು ಅಂತ ಅವರೂ ಅನ್ನಲಿಲ್ಲ, ಇವನೂ ಅನ್ನಲಿಲ್ಲ. ಕೊನೆಗೆ ನಾನು ಬಂದು ಅಂದೆ. ಹೋದ ಆರ್ಡರನ್ನ ನೀನು ಅರ್ಧ ದಿನದಲ್ಲಿ ಎದ್ದು ನಿಲ್ಲಿಸಿದೆ. ನಿನ್ನ ಅಡುಗೆಮನೆಗೆ ನಾನು ದುಡ್ಡು ಹಾಕ್ತೀನಿ. ಒಂದೇ ಷರತ್ತು. ಉಗ್ರಾಣದ ಕೀಲಿಕೈ ಈ ಮನುಷ್ಯನ ಕೈಗೆ ಹೋಗಬಾರದು.”

“ಎಲ್ಲಿ ಸೈನ್ ಮಾಡ್ಲಿ?” ಎಂದಳು ರಾಜೇಶ್ವರಿ. ಅವಳ ಕಣ್ಣು ಮತ್ತೆ ತುಂಬಿತ್ತು. ಈ ಸಲ ಅದಕ್ಕೆ ಕಾರಣ ಬೇರೆ.

ಕಲ್ಮೇಶ ಇಂಗು ತಿಂದ ಮಂಗನಂತೆ ಕೂತಿದ್ದ. ಡೆಲ್‌ರಾಯ್ ಪಕ್ಕಕ್ಕೆ ಜರುಗಿ, ಹಿಟ್ಟು ಮೆತ್ತಿದ ಅಂಗೈಯನ್ನು ಅವನ ಹೆಗಲ ಮೇಲಿಟ್ಟ. ಹೆಗಲು ಕಾಣದಾಯಿತು.

“ಬೇಜಾರು ಮಾಡ್ಕೋಬೇಡ ಬ್ರದರ್. ನನಗೂ ಕೀಲಿಕೈ ಇಲ್ಲ. ವಾರಕ್ಕೊಮ್ಮೆ ಕೈಖರ್ಚು ಕೊಡ್ತಾರೆ. ನಿಂದು ಎಷ್ಟು ಅಂತ ಈಗ್ಲೇ ಮಾತಾಡ್ಕೋ. ನಾನು ದೊಡ್ಡ ದೊಡ್ಡ ಟೀಮ್ ಮಾಲೀಕರ ಜೊತೆ ಗುದ್ದಾಡಿ ಕಾಂಟ್ರ್ಯಾಕ್ಟ್ ಏರಿಸಿಕೊಂಡೋನು. ಅಮ್ಮನ ಹತ್ರ ಎಂಟು ವರ್ಷದಿಂದ ಒಂದು ಡಾಲರ್ ಏರಿಸೋಕೆ ಆಗಿಲ್ಲ.”

ಕಲ್ಮೇಶ ಗಂಟಲು ಸರಿಮಾಡಿಕೊಂಡು, ಹೆಂಡತಿಯ ಕಡೆ ಆಸೆಯಿಂದ ನೋಡಿದ.

“ರಾಜಿ, ನನಗ ವಾರಕ್ಕ ಎಷ್ಟು ಕೊಡ್ತಿ?”

ರಾಜೇಶ್ವರಿ ಬಾಯಿ ತೆರೆದವಳು ತಡೆದು, ಅಮ್ಮನ ಮುಖ ನೋಡಿದಳು.

“ಸ್ವಲ್ಪ ತಡೀರಿ,” ಎಂದಳು. “ನನ್ನ ಇನ್ವೆಸ್ಟರನ್ನ ಒಂದ್ ಮಾತು ಕೇಳಿ ಹೇಳ್ತೀನಿ.”