ಕೋಲಿಗೆ ಕಾಲುಚೀಲ

ಗಾಲ್ಫ್ ಆಟದಲ್ಲಿ ಚೆಂಡನ್ನು ಕಾಲಿನಿಂದ ತಳ್ಳುವುದು ಅಪರಾಧ. ಇದು ನಮ್ಮ ಕ್ಲಬ್ಬಿನ ನಿಯಮಾವಳಿಯ ಮೊದಲ ಪುಟದಲ್ಲೇ ಇದೆ. ನಮ್ಮ ಹಲ್ಲಿನ ಡಾಕ್ಟರು ಒಮ್ಮೆ ಹುಲ್ಲಿನ ಮರೆಯಲ್ಲಿ ಸಿಕ್ಕಿಕೊಂಡಿದ್ದ ತಮ್ಮ ಚೆಂಡನ್ನು ಬೂಟಿನ ತುದಿಯಿಂದ ಮೆಲ್ಲಗೆ ಈಚೆಗೆ ಸರಿಸಿದರು. ಕ್ಲಬ್ಬು ಅವರನ್ನು ಅಮಾನತಿನಲ್ಲಿಟ್ಟಿತು. ಅವರು ವರಾಂಡದಲ್ಲಿ ಕೂರಬಹುದು, ಆದರೆ ಮೈದಾನದ ಕಡೆ ನೋಡತಕ್ಕದ್ದಲ್ಲ ಎಂದು ಆದೇಶವಾಯಿತು. ಅಂದಿನಿಂದ ಅವರು ಗೋಡೆಗೆ ಮುಖ ಮಾಡಿ ಕಾಫಿ ಕುಡಿಯುತ್ತಿದ್ದರು. ನೋಡುವವರಿಗೂ ಅದು ರೂಢಿಯಾಗಿತ್ತು.

ನಾನು ಈ ಕ್ಲಬ್ಬಿನ ಸಹಕಾರ್ಯದರ್ಶಿ. ಕಾರ್ಯದರ್ಶಿಯ ಹುದ್ದೆ ಬಹಳ ಕಾಲದಿಂದ ಖಾಲಿ ಇರುವುದರಿಂದ ನಾನು ಯಾರಿಗೆ ಸಹಕರಿಸಬೇಕೆಂಬುದು ಸ್ಪಷ್ಟವಿಲ್ಲ. ಹಾಗಾಗಿ ಎಲ್ಲರಿಗೂ ಸಹಕರಿಸುತ್ತೇನೆ.

ಕ್ಲಬ್ಬಿನಲ್ಲಿ ಆಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಕೆಲವರಿಗೆ ಮಂಡಿನೋವು, ಕೆಲವರಿಗೆ ಬೇಸರ, ಮತ್ತೆ ಕೆಲವರಿಗೆ ದೇಹಾಂತ್ಯ. ಅಷ್ಟು ದೊಡ್ಡ ಮೈದಾನದ ಹುಲ್ಲನ್ನು ಕತ್ತರಿಸಿ ಕತ್ತರಿಸಿ ಹುಲ್ಲಿನ ಮೇಸ್ತ್ರಿ ಒಂದು ದಿನ, "ಸರ್, ಯಾರೂ ತುಳಿಯದೆ ಹುಲ್ಲಿಗೆ ಸೊಕ್ಕು ಬಂದಿದೆ" ಎಂದು ದೂರು ಕೊಟ್ಟ. ಹುಲ್ಲನ್ನು ತುಳಿಸುವ ಬಗ್ಗೆ ಸಮಿತಿ ಗಂಭೀರವಾಗಿ ಚರ್ಚಿಸಿತು. ಆಗ ನಾನು ಎಲ್ಲೋ ಕೇಳಿದ್ದ ಫುಟ್‌ಗಾಲ್ಫ್ ಎಂಬ ಆಟದ ವಿಷಯ ಪ್ರಸ್ತಾಪಿಸಿದೆ.

ಆಟ ಸರಳ. ಗಾಲ್ಫಿನ ಮೈದಾನವೇ, ಗಾಲ್ಫಿನ ಲೆಕ್ಕವೇ. ಕೋಲಿನ ಬದಲು ಕಾಲು, ಪುಟ್ಟ ಬಿಳಿ ಚೆಂಡಿನ ಬದಲು ಫುಟ್‌ಬಾಲು. ಕಡಿಮೆ ಒದೆತಗಳಲ್ಲಿ ಚೆಂಡನ್ನು ಕುಳಿಗೆ ಬೀಳಿಸಿದವರು ಗೆದ್ದಂತೆ. ಗಾಲ್ಫಿನ ಕುಳಿ ಲೋಟದ ಬಾಯಷ್ಟಿದ್ದು ಅದರಲ್ಲಿ ಫುಟ್‌ಬಾಲು ಹಿಡಿಸದ ಕಾರಣ, ಬಕೆಟ್ಟಿಗಿಂತ ಅಗಲವಾದ ಬೇರೆ ಕುಳಿಗಳನ್ನು ಅಂಚಿನಲ್ಲಿ, ನುಣುಪು ಹುಲ್ಲುಹಾಸಿಗೆ ಧಕ್ಕೆಯಾಗದಂತೆ ತೋಡಬೇಕು.

ಅಧ್ಯಕ್ಷರು ಒಪ್ಪಿದರು. "ತೋಡಿಸ್ರಿ. ಕೋಲಿಲ್ಲದೆ ಗಾಲ್ಫ್ ಆಡೋಕೆ ಯಾರು ಬರ್ತಾರೆ? ಎರಡು ದಿನ ಒದ್ದು ಮನೆಗೆ ಹೋಗ್ತಾರೆ."

ಎರಡೂ ಆಟಗಳು ಒಂದೇ ಮೈದಾನದಲ್ಲಿ ಸೌಹಾರ್ದದಿಂದ ನಡೆಯಲೆಂದು ಈ ಕೆಳಗಿನ ಪ್ರಕಟಣೆಯನ್ನು ಬಾಗಿಲಲ್ಲಿ ಅಂಟಿಸಲಾಯಿತು:

"ಕಾಲಿನಿಂದ ಆಡುವವರು (ಇನ್ನು ಮುಂದೆ 'ಕಾಲಿನವರು') ಕೋಲಿನಿಂದ ಆಡುವವರಿಗೆ (ಇನ್ನು ಮುಂದೆ 'ಕೋಲಿನವರು') ಸದಾ ದಾರಿ ಬಿಡತಕ್ಕದ್ದು. ಕಾಲಿನವರು ಕೋಲು ತರತಕ್ಕದ್ದಲ್ಲ. ಕೋಲಿನವರು ಕಾಲು ತರಬಹುದು, ಆದರೆ ನಡೆಯಲು ಮಾತ್ರ ಬಳಸತಕ್ಕದ್ದು. ಅಗಲ ಕುಳಿಯ ಕಡೆಗೆ ಚೆಂಡು ಆಡುವ ಪ್ರತಿಯೊಂದು ಕಾಲಿಗೂ ಮಂಡಿಯವರೆಗಿನ ಕಾಲುಚೀಲ ಮತ್ತು ಮೊಳೆಯಿಲ್ಲದ ಬೂಟು ಕಡ್ಡಾಯ. ಆಟದ ವೇಳೆ ಸಂತೋಷವಾದಲ್ಲಿ ಅದನ್ನು ಮರಗಳ ಆಚೆ ಹೋಗಿ ವ್ಯಕ್ತಪಡಿಸತಕ್ಕದ್ದು."

ಹೊಸಬರಿಗೆ ಆಟ ಕಲಿಸಲು ಅನುಭವಿಗಳು ಬೇಕಿತ್ತು. ಕ್ಲಬ್ಬಿನ ಇಡೀ ಇತಿಹಾಸದಲ್ಲಿ ಚೆಂಡನ್ನು ಕಾಲಿನಿಂದ ಆಡಿದ್ದು ರುಜುವಾತಾಗಿದ್ದ ಸದಸ್ಯರು ಹಲ್ಲಿನ ಡಾಕ್ಟರೊಬ್ಬರೇ. ಅವರ ಅಮಾನತನ್ನೇ ಅರ್ಹತೆಯೆಂದು ಪರಿಗಣಿಸಿ ತರಬೇತುದಾರರನ್ನಾಗಿ ನೇಮಿಸಲಾಯಿತು. ಅವರು ಕುರ್ಚಿಯನ್ನು ಮೈದಾನದ ಕಡೆಗೆ ತಿರುಗಿಸಿಕೊಂಡು, "ಅಯ್ಯೋ, ಆ ಮರ ಎಷ್ಟು ದೊಡ್ಡದಾಗಿದೆ!" ಎಂದರು.

ಜನ ಬಂದರು. ಬೇಕರಿಯಾಕೆ ಬಂದಳು, ದರ್ಜಿ ಬಂದ, ಬಸ್ಸಿನ ಚಾಲಕ ತನ್ನ ಅತ್ತೆಯನ್ನು ಕರೆದುಕೊಂಡು ಬಂದ. ಅತ್ತೆ ಅಳಿಯನನ್ನು ಸೋಲಿಸಿದ ದಿನ ಮರಗಳ ಆಚೆ ವ್ಯಕ್ತವಾದ ಸಂತೋಷಕ್ಕೆ ಹಕ್ಕಿಗಳು ಎದ್ದು ಹೋದವು.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಅಧ್ಯಕ್ಷರ ಹೆಂಡತಿಯೂ ಹೋಗತೊಡಗಿದರು. ನಾವೆಲ್ಲ ಅವರನ್ನು ಅಕ್ಕಾವ್ರು ಎನ್ನುತ್ತೇವೆ. ಮದುವೆಯಾದ ಲಾಗಾಯ್ತು ಅವರು ಭಾನುವಾರಗಳನ್ನು ಕ್ಲಬ್ಬಿನ ವರಾಂಡದಲ್ಲಿ, ಗಂಡ ಆಟ ಮುಗಿಸಿ ಬರುವುದನ್ನು ಕಾಯುತ್ತ ಕಳೆದವರು. ಒಂದು ಸಂಜೆ ಸಹಿ ಹಾಕಿಸಲೆಂದು ನಾನು ಅವರ ಮನೆಗೆ ಹೋಗಿದ್ದಾಗ ಊಟದ ಮೇಜಿನ ಬಳಿ ಈ ಮಾತುಕತೆ ನಡೆಯಿತು.

"ಮಧ್ಯಾಹ್ನ ಎಲ್ಲಿ ಹೋಗಿದ್ದೆ?" ಎಂದು ಅಧ್ಯಕ್ಷರು ಕೇಳಿದರು.

"ಮೈದಾನಕ್ಕೆ."

"ಅಲ್ಲಿ ನಿನಗೇನು ಕೆಲಸ?"

"ಒದೆಯೋದು."

"ಯಾರನ್ನ?"

"ಸದ್ಯಕ್ಕೆ ಚೆಂಡನ್ನ" ಎಂದು ಅಕ್ಕಾವ್ರು ಬ್ರೆಡ್ಡಿಗೆ ಬೆಣ್ಣೆ ಸವರಿದರು. ನನಗೂ ಒಂದು ತುಂಡು ಕೊಟ್ಟರು. ನಾನು ಸಹಕರಿಸಿದೆ.

ಅಧ್ಯಕ್ಷರ ಮನಸ್ಸಿನಲ್ಲಿ ಒಂದು ಕೊರಗಿತ್ತು. ಒಂದೇ ಏಟಿಗೆ ಚೆಂಡನ್ನು ಕುಳಿಗೆ ಹಾಕುವುದು ಗಾಲ್ಫ್ ಆಡುವವರ ಜೀವಮಾನದ ಆಸೆ. ಹಾಗೆ ಹಾಕಿದವರ ಹೆಸರನ್ನು ನಮ್ಮಲ್ಲಿ ಹಿತ್ತಾಳೆಯ ಫಲಕದ ಮೇಲೆ ಕೆತ್ತಿಸುತ್ತಾರೆ. ಅದರಲ್ಲಿ ಅಧ್ಯಕ್ಷರ ಮಾವನವರ ಹೆಸರಿತ್ತು. ಕಣ್ಣು ಸರಿಯಾಗಿ ಕಾಣದ ಮಾಜಿ ಖಜಾಂಚಿಯ ಹೆಸರೂ ಇತ್ತು. ಅಧ್ಯಕ್ಷರ ಹೆಸರಿರಲಿಲ್ಲ. ಆ ಫಲಕವಿದ್ದ ಮೊಗಸಾಲೆಯನ್ನು ಅವರು ಕೆಮ್ಮುತ್ತ, ಬೇರೆ ಕಡೆ ನೋಡುತ್ತ ದಾಟುತ್ತಿದ್ದರು.

ಈಗ ಕೋಲೆತ್ತಿದಾಗಲೆಲ್ಲ ಮರಗಳ ಆಚೆಯಿಂದ ನಗು ಕೇಳಿಬರುತ್ತಿತ್ತು. ನಿಯಮದಂತೆ ಅದು ಮರಗಳ ಆಚೆಯೇ ಇತ್ತು. ಆದರೆ ಅದರಲ್ಲಿ ಒಂದು ನಗು ಅಕ್ಕಾವ್ರದ್ದು. "ಮನೆಯಲ್ಲಿ ಅವಳು ಹಾಗೆ ನಕ್ಕು ಯಾವ ಕಾಲವಾಯ್ತೋ" ಎಂದು ಅಧ್ಯಕ್ಷರು ನನ್ನ ಹತ್ತಿರ ಹೇಳಿದರು. ದೂರು ಹೇಳುತ್ತಿದ್ದಾರೋ ದುಃಖ ಹೇಳಿಕೊಳ್ಳುತ್ತಿದ್ದಾರೋ ತಿಳಿಯದೆ ನಾನು ಎರಡಕ್ಕೂ ಹೊಂದುವಂತೆ ತಲೆಯಾಡಿಸಿದೆ.

ಮರುದಿನ ಆದೇಶ ಹೊರಟಿತು: "ಸದರಿ ಅಗಲ ಕುಳಿಗಳನ್ನು, ಅವನ್ನು ಎಂದೂ ತೋಡಿಯೇ ಇರಲಿಲ್ಲವೆಂಬಂತೆ, ಬರುವ ಭಾನುವಾರ ಮುಚ್ಚತಕ್ಕದ್ದು." ತೋಡುವಾಗ ಒಮ್ಮತದಿಂದ ಒಪ್ಪಿದ್ದ ಸಮಿತಿ ಮುಚ್ಚುವುದಕ್ಕೂ ಅದೇ ಒಮ್ಮತದಿಂದ ಒಪ್ಪಿತು.

ಭಾನುವಾರ ಕಾಲಿನವರು ಕೊನೆಯ ಆಟಕ್ಕೆ ಸೇರಿದರು. ಬೇಕರಿಯಾಕೆ ನನ್ನ ಬಳಿ ಬಂದು, "ವಾರವೆಲ್ಲ ಒಲೆ ಮುಂದೆ ಬಗ್ಗಿಕೊಂಡೇ ಇರ್ತೀನಿ ಸರ್. ಮೇಲೆ ಆಕಾಶ ಅಂತ ಒಂದಿದೆ ಅನ್ನೋದು ಇಲ್ಲಿಗೆ ಬಂದಾಗಲೇ ನೆನಪಾಗೋದು. ಏನಾದ್ರೂ ಮಾಡೋಕಾಗಲ್ವಾ?" ಎಂದಳು.

"ಖಂಡಿತ ಮನವಿ ಸಲ್ಲಿಸಬಹುದು. ಕುಳಿ ಮುಚ್ಚಿದ ಕೂಡಲೇ ಪರಿಶೀಲಿಸುತ್ತೇವೆ" ಎಂದೆ.

ಅಕ್ಕಾವ್ರು ಯಾರನ್ನೂ ಬೇಡಲಿಲ್ಲ. "ಮುಚ್ಚೋರು ಮುಚ್ಚಲಿ. ನನ್ನ ಆಟ ಮುಗೀಲಿ" ಎಂದು ಕಾಲುಚೀಲ ಮೇಲಕ್ಕೆಳೆದುಕೊಂಡರು.

ಕಾಲಿನವರು ಒಂದೊಂದು ಕುಳಿಯ ಆಟ ಮುಗಿಸಿದಂತೆ ಮೇಸ್ತ್ರಿ ಹಿಂದೆಯೇ ಹೋಗಿ ಅದನ್ನು ಮುಚ್ಚಬೇಕೆಂದು ಏರ್ಪಾಡಾಗಿತ್ತು. ಕೊಳದ ಆಚೆಯದು ಮೊದಲ ಕುಳಿ. ಡಾಕ್ಟರು, ಬೇಕರಿಯಾಕೆ, ದರ್ಜಿ, ಅಕ್ಕಾವ್ರು ಎಲ್ಲರೂ ಆಡಿ ಮುಗಿಸಿದರು. ಮೇಸ್ತ್ರಿ ಸಲಿಕೆಯ ತುಂಬ ಮಣ್ಣು ತೆಗೆದುಕೊಂಡ. ಆ ಹೊತ್ತಿಗೆ ಕೊಳದ ಈಚೆಯಿಂದ ಅಧ್ಯಕ್ಷರು ಕೋಲು ಬೀಸಿದರು. ನಾನು ಅವರ ಪಕ್ಕದಲ್ಲೇ ಕೊಡೆ ಹಿಡಿದು ನಿಂತಿದ್ದೆ.

ಚೆಂಡು ಹೋಗಬೇಕಾದ ಕಡೆ ಹೋಗಲಿಲ್ಲ. ಕೊಳ ದಾಟಿ ಒಂದು ಮರಕ್ಕೆ ಬಡಿಯಿತು. ಅಲ್ಲಿಂದ ಕಲ್ಲುಬೆಂಚಿಗೆ ತಗುಲಿ, ಅಲ್ಲಿಂದ ದಿಬ್ಬಕ್ಕೆ ಹಾರಿ, ಇಳಿಜಾರಿನಲ್ಲಿ ಉರುಳುತ್ತ ಉರುಳುತ್ತ ಮೇಸ್ತ್ರಿಯ ಎರಡು ಕಾಲುಗಳ ನಡುವೆ ತೂರಿ ಅಗಲ ಕುಳಿಯೊಳಗೆ ಬಿತ್ತು.

"ತಡಿಯಪ್ಪ ಮೇಸ್ತ್ರಿ!" ಎಂದು ಅಕ್ಕಾವ್ರು ಕೂಗಿದ್ದು ಈಚೆ ದಡಕ್ಕೂ ಕೇಳಿಸಿತು.

ಅಧ್ಯಕ್ಷರು ಕೊಳ ಸುತ್ತಿಕೊಂಡು ಏದುಸಿರು ಬಿಡುತ್ತ ಹೋದರು. ಹಿಂದೆ ನಾನು, ಕೊಡೆ.

"ನನ್ನ ಚೆಂಡು ಕಂಡಿತಾ?"

"ಕುಳಿಯಲ್ಲಿದೆ" ಎಂದರು ಅಕ್ಕಾವ್ರು.

"ಯಾವ ಕುಳಿಯಲ್ಲಿ?"

"ಇರೋದ್ರಲ್ಲಿ ದೊಡ್ಡದರಲ್ಲಿ."

ಅಧ್ಯಕ್ಷರು ಬಗ್ಗಿ ನೋಡಿದರು. ತಳದಲ್ಲಿ ಚೆಂಡು ಮೊಟ್ಟೆಯಂತೆ ಕೂತಿತ್ತು. ಅವರು ಹುಲ್ಲಿನ ಮೇಲೆ ಕುಸಿದು ಕೂತರು. "ಒಂದೇ ಏಟಿಗೆ ಕಣೇ" ಎಂದರು. ಅವರ ಗಂಟಲಿನಿಂದ ಅಂಥ ದನಿ ಹೊರಟಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಸಾವರಿಸಿಕೊಂಡು, "ಮೇಸ್ತ್ರಿ, ಆ ಮಣ್ಣನ್ನ ಕೆಳಗಿಡು. ದೂರ ಇಡು" ಎಂದರು.

ಸಮಿತಿಯ ತುರ್ತುಸಭೆ ಅಲ್ಲೇ ಕುಳಿಯ ಸುತ್ತ ಸೇರಿತು. ಚೆಂಡನ್ನು ಮುಟ್ಟದೆ ಹಾಗೇ ಬಿಡಲಾಗಿತ್ತು. ಕ್ಲಬ್ಬಿನ ವಕೀಲರು ಎರಡು ತೊಡಕುಗಳನ್ನು ಮುಂದಿಟ್ಟರು. "ಮೊದಲನೆಯದು, ಈ ಕುಳಿಯನ್ನ ತೋಡಿಯೇ ಇರಲಿಲ್ಲ ಅಂತ ನಾವೇ ಆದೇಶ ಮಾಡಿದ್ದೀವಿ. ಇಲ್ಲದ ಕುಳಿಗೆ ಚೆಂಡು ಹೇಗೆ ಬೀಳುತ್ತೆ?"

"ಆದೇಶ ವಾಪಸ್" ಎಂದರು ಅಧ್ಯಕ್ಷರು. "ಕುಳಿ ಇದೆ. ಎಂದೆಂದಿಗೂ ಇರುತ್ತೆ. ಎರಡನೆಯದು?"

"ಇದು ಕಾಲಿನವರ ಕುಳಿ. ನೀವು ಹೊಡೆದದ್ದು ಕೋಲಿನಿಂದ. ಕಾಲಿನಿಂದ ಆಡಿದ್ರೆ ಮಾತ್ರ ಇದು ಲೆಕ್ಕಕ್ಕೆ ಬರುತ್ತೆ."

ಅಧ್ಯಕ್ಷರು ತಮ್ಮ ಕೋಲನ್ನು ಮೇಲಿಂದ ಕೆಳಗೆ ನೋಡಿದರು. ತೆಳ್ಳಗಿತ್ತು. ತುದಿಯಲ್ಲಿ ಪಾದದಂತೆ ಸ್ವಲ್ಪ ಮುಂದಕ್ಕೆ ಬಾಗಿತ್ತು.

"ಇದನ್ನ ಕಾಲು ಅಂತ ಅನ್ನಬಹುದಲ್ವೇನ್ರೀ?" ಎಂದು ಮೆಲ್ಲಗೆ ಕೇಳಿದರು.

"ಪ್ರತ್ಯಕ್ಷ ಕಂಡ ಕಾಲಿನವರು ಯಾರಾದ್ರೂ ಹಾಗಂತ ಹೇಳಿದ್ರೆ ಅನ್ನಬಹುದು."

ಎಲ್ಲರೂ ಅಕ್ಕಾವ್ರ ಕಡೆ ತಿರುಗಿದರು. ಅವರು ಅವಸರ ಮಾಡಲಿಲ್ಲ. "ನಾನು ನೋಡಿದೆ. ಹೊಡೆದದ್ದು ಕಾಲೇ" ಎಂದರು. ಅಧ್ಯಕ್ಷರ ಮುಖ ಅರಳಿತು. "ಆದ್ರೆ ಬರಿಗಾಲು. ಆಡೋ ಪ್ರತಿಯೊಂದು ಕಾಲಿಗೂ ಕಾಲುಚೀಲ, ಬೂಟು ಕಡ್ಡಾಯ ಅಂತ ನಿಮ್ಮದೇ ಪ್ರಕಟಣೆ. ಹೌದೋ ಅಲ್ವೋ, ನೀವೇ ಹೇಳಿ."

ವಕೀಲರು ಹೌದೆಂದರು. ತೊಡಿಸುವುದು ತಡವಾದರೂ, ಚೆಂಡು ಕುಳಿಯಿಂದ ಹೊರಬರುವ ಮುನ್ನ ತೊಡಿಸಿದರೆ ನಿಯಮಪಾಲನೆ ಆದಂತೆಯೇ ಎಂದೂ ಅಭಿಪ್ರಾಯಪಟ್ಟರು.

ಅಧ್ಯಕ್ಷರು ಎಡಗಾಲಿನ ಬೂಟು ಕಳಚಿದರು. ಉದ್ದನೆಯ ಬೂದುಬಣ್ಣದ ಕಾಲುಚೀಲ ಕಳಚಿದರು. ಅದನ್ನು ಕೋಲಿಗೆ ತೊಡಿಸಲು ಹೋದರೆ ಅದು ಕೆಳಕ್ಕೆ ಜಾರಿ ಜಾರಿ ಬಿತ್ತು. ದರ್ಜಿ ತನ್ನ ಜೇಬಿನಿಂದ ಪಿನ್ನು ತೆಗೆದು ಚುಚ್ಚಿ ನಿಲ್ಲಿಸಿದ. ಬೂಟಿನ ದಾರವನ್ನು ಅಕ್ಕಾವ್ರೇ ಕಟ್ಟಿದರು. ಆಗ ಡಾಕ್ಟರು ಇಕ್ಕಳ ಹಿಡಿದ ಗಾಂಭೀರ್ಯದಲ್ಲಿ ಎರಡು ಬೆರಳಿನಿಂದ ಚೆಂಡನ್ನು ಹೊರತೆಗೆದು ಎತ್ತಿ ತೋರಿಸಿದರು. ಬೇಕರಿಯಾಕೆ ಸಂತೋಷ ವ್ಯಕ್ತಪಡಿಸಲು ಮರಗಳ ಆಚೆಗೆ ಓಡಿದಳು. ಅಧ್ಯಕ್ಷರು, "ಇಲ್ಲೇ ಇರಿ, ಇಲ್ಲೇ! ಇವತ್ತು ಪರವಾಗಿಲ್ಲ" ಎಂದು ಅವಳನ್ನು ವಾಪಸು ಕರೆದರು.

ಆ ಸಂಜೆ ಗಂಡಹೆಂಡತಿ ನಡೆದೇ ಮನೆಗೆ ಹೊರಟರು. ಅಧ್ಯಕ್ಷರ ಒಂದು ಕಾಲು ಬರಿಯದು. ಅದಕ್ಕೆ ಅವರು ಅಕ್ಕಾವ್ರ ಹೆಗಲು ಹಿಡಿದಿದ್ದರು. ಕೋಲು ಮಾತ್ರ ಪೂರ್ತಿ ಉಡುಪಿನಲ್ಲಿತ್ತು. ಗೇಟಿನವರೆಗೆ ಬೀಳ್ಕೊಡಲು ಹೋದ ನನಗೆ ಇಷ್ಟು ಕೇಳಿಸಿತು.

"ನಿಜ ಹೇಳು. ಏಟು ಚೆನ್ನಾಗಿತ್ತಾ?"

"ಏಟು ಚೆನ್ನಾಗಿತ್ತು ರೀ. ಮರವೂ ಚೆನ್ನಾಗಿ ಆಡಿತು."

ಅವರಿಬ್ಬರೂ ರಸ್ತೆಯ ಮಧ್ಯೆ ನಿಂತು ನಕ್ಕರು. ಅಧ್ಯಕ್ಷರಿಗೆ ಹಾಗೆ ನಗಲು ಬರುತ್ತದೆಂದು ಕ್ಲಬ್ಬಿಗೆ ಅಲ್ಲಿಯವರೆಗೆ ಅಧಿಕೃತ ಮಾಹಿತಿ ಇರಲಿಲ್ಲ.

ಫಲಕದ ಮೇಲೆ ಅವರ ಹೆಸರು ಬಂತು. ಇದನ್ನು ಕಂಡ ಇತರ ಕೋಲಿನವರು, ತಮ್ಮ ಕೋಲುಗಳನ್ನೂ ಕಾಲುಗಳೆಂದು ಘೋಷಿಸಬೇಕೆಂದು ಕೇಳಿಕೊಂಡರು. ಸಮಿತಿ ಘೋಷಿಸಿತು. ಈಗ ಭಾನುವಾರ ಎಲ್ಲರೂ ಒಟ್ಟಿಗೆ ಆಡುತ್ತಾರೆ. ಪೇಟೆಯ ಬೂಟಿನಂಗಡಿಯವರು ನಮ್ಮ ಸದಸ್ಯರಿಗೆಂದೇ ಮೂರು ಬೂಟುಗಳ ಜೋಡಿ ಮಾರುತ್ತಾರೆ. ದರ್ಜಿ ಜಾರದ ಕಾಲುಚೀಲ ಹೊಲಿಯುತ್ತಾನೆ. ಕೋಲಿನವರು ತಮ್ಮ ಕೋಲಿನ ಮುಂದೆ ಮಂಡಿಯೂರಿ ದಾರ ಕಟ್ಟಿ ಮುಗಿಸುವವರೆಗೆ ಕಾಲಿನವರು ತಾಳ್ಮೆಯಿಂದ ಕಾಯುತ್ತಾರೆ. ಒಮ್ಮೊಮ್ಮೆ ಬೇಕರಿಯಾಕೆ, "ಬಿಗಿಯಾಗಿ ಕಟ್ಟಬೇಡಿ ಸರ್, ರಕ್ತ ಓಡಾಡಲ್ಲ" ಎಂದು ಎಚ್ಚರಿಸುತ್ತಾಳೆ. ಅವರೂ ಸ್ವಲ್ಪ ಸಡಿಲಿಸುತ್ತಾರೆ. ಯಾರಿಗಾದರೂ ಆಟ ಕೈಕೊಟ್ಟರೆ ಕೋಲಿನ ಪಾದ ಉಳುಕಿದೆಯೆಂದು ಹೇಳಿ ರಜೆ ಪಡೆಯಬಹುದು.

ಮೊನ್ನೆ ಇನ್ನೊಂದೂರಿನ ಕ್ಲಬ್ಬಿನಿಂದ ಒಂದು ನಿಯೋಗ ನಮ್ಮ ವ್ಯವಸ್ಥೆಯನ್ನು ಅಧ್ಯಯನ ಮಾಡಲು ಬಂದಿತ್ತು. ಅವರು ಇಡೀ ಮೈದಾನ ಸುತ್ತಿದರು. ಸಾಲಾಗಿ ಬೂಟು ಹಾಕಿಕೊಂಡು ಗೋಡೆಗೆ ಒರಗಿದ್ದ ಕೋಲುಗಳನ್ನು ಕೈಕಟ್ಟಿ ನೋಡಿದರು. ಅವರ ಅಧ್ಯಕ್ಷರು ಹಿರಿಯರು, ಮಿತಭಾಷಿಗಳು. ಬಹಳ ಹೊತ್ತು ಯೋಚಿಸಿ ಒಂದೇ ಒಂದು ಪ್ರಶ್ನೆ ಕೇಳಿದರು.

"ಕೋಲಿಗೆ ಹಾಕೋದು ಎಡಗಾಲಿನ ಬೂಟೋ, ಬಲಗಾಲಿಂದೋ?"

ನಮ್ಮ ಅಧ್ಯಕ್ಷರು ಅಕ್ಕಾವ್ರ ಕಡೆ ನೋಡಿದರು. ಅಕ್ಕಾವ್ರು ತಲೆಯಾಡಿಸಿದರು.

"ಅದನ್ನ ನಾವು ಆಯಾ ಸದಸ್ಯರ ಆತ್ಮಸಾಕ್ಷಿಗೆ ಬಿಟ್ಟಿದ್ದೀವಿ" ಎಂದರು ಅಧ್ಯಕ್ಷರು.

ನಿಯೋಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟೊಂದು ಸ್ವಾತಂತ್ರ್ಯವನ್ನು ತಮ್ಮ ಸದಸ್ಯರಿಗೆ ಕೊಡುವುದು ಸದ್ಯಕ್ಕೆ ಕಷ್ಟವಾಗಬಹುದು ಎಂದು ಹೇಳಿ, ನಮ್ಮ ಕೋಲುಗಳಿಗೂ ಕೈಮುಗಿದು ಬಸ್ಸು ಹತ್ತಿದರು.