ಎಂಟು ಮನೆ, ಒಂದು ಮೋಟರ್

ಹೆಬ್ಬಗೋಡಿಯ ವೆಂಕಟೇಶಪ್ಪನವರಿಗೆ ಎಂಟು ಬಾಡಿಗೆ ಮನೆಗಳ ನಾಲ್ಕಂತಸ್ತಿನ ಬಿಲ್ಡಿಂಗ್ ಇದೆ ಎಂದು ಜನ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಉರಿದುಕೊಳ್ಳುವವರು ಒಂದೇ ಒಂದು ದಿನ ಬಂದು ಆ ಮೋಟರ್ ಸ್ವಿಚ್ ಕಾಯಬೇಕಿತ್ತು! ಬೆಳಿಗ್ಗೆ ಐದಕ್ಕೆ ಫ್ಯಾಕ್ಟರಿ ಶಿಫ್ಟಿನವರಿಗೆ ನೀರು, ಒಂಬತ್ತಕ್ಕೆ ಸಾಫ್ಟ್‌ವೇರಿನವರಿಗೆ ನೀರು. ಮಧ್ಯೆ ಇವರು ಮುದ್ದೆ ಮುರಿದು ಬಾಯಿಗಿಟ್ಟ ಗಳಿಗೆಗೇ ಮೂರನೇ ಮಹಡಿಯ ರಕ್ಷಿತಾ "ಅಂಕಲ್, ನೀರು!" ಎಂದು ಕೂಗಬೇಕು. ಹದಿನಾಲ್ಕು ವರ್ಷದ ಅಖಂಡ ವ್ರತ ಇದು. (ಭಗೀರಥನಾದರೂ ಗಂಗೆಯನ್ನು ಒಂದು ಸಲ ತಂದು ಕೈತೊಳೆದುಕೊಂಡ.)

ಹಾಗಾಗಿ ಮೆಟ್ರೋ ಬಂದು, ಸುತ್ತ ರಾಗಿ ಹೊಲಗಳಿದ್ದಲ್ಲೆಲ್ಲ ಪೀಜಿಗಳೆದ್ದು, ಬೆಲೆ ಏರಿದ್ದೇ ತಡ, ಬಿಲ್ಡಿಂಗ್ ಮಾರಿಬಿಡಲು ತೀರ್ಮಾನಿಸಿದರು. ಬ್ರೂಕ್‌ಫೀಲ್ಡಿನಲ್ಲೊಂದು ಫ್ಲಾಟ್ ತೆಗೆದುಕೊಂಡು, ಬೇರೆ ಯಾರೋ ಮೋಟರ್ ಹಾಕುವ ಸದ್ದು ಕೇಳುತ್ತಾ ಮಗ್ಗುಲು ಬದಲಾಯಿಸಬೇಕು, ಅಷ್ಟೇ ಅವರ ಆಸೆ.

"ಮಾರ್ಬುಡ್ರಿ. ಮೆಟ್ಲು ತೊಳ್ದು ತೊಳ್ದು ನನ್ ಸೊಂಟ ಓಗೈತೆ. ಅಲ್ಲಿ ಲಿಫ್ಟ್ ಐತಂತೆ," ಎಂದಳು ಹೆಂಡತಿ ಅಂಜಿನಮ್ಮ.

ಬಿಲ್ಡಿಂಗಿನ ಖಾತೆ ಇದ್ದದ್ದು ಅವಳ ಹೆಸರಿನಲ್ಲೇ. ಆದರೆ ಗಂಡನ ಹೆಸರನ್ನು ಮಾತ್ರ ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ಹೆಸರೆತ್ತಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದಂತೆ! ಬ್ಯಾಂಕಿನಲ್ಲಿ ಕೇಳಿದಾಗ ಗೋಡೆಯ ಮೇಲಿನ ತಿರುಪತಿ ತಿಮ್ಮಪ್ಪನ ಕ್ಯಾಲೆಂಡರ್ ತೋರಿಸಿ "ಅವ್ರೇ" ಅಂದಿದ್ದಳು.

ಬ್ರೋಕರ್ ಕೊಟ್ರೇಶ್ ಮೊದಲೇ ಎಚ್ಚರಿಸಿದ್ದ. "ಸಾರ್, ಓನರ್ರೇ ಮುಂದೆ ನಿಂತು ತೋರಿಸಿದ್ರೆ ಪಾರ್ಟಿಗೆ ಡೌಟ್ ಬರುತ್ತೆ. ಭಾನುವಾರ ಹತ್ತಕ್ಕೆ ಬರ್ತಾರೆ. ನೀವು ಅತ್ತಿಬೆಲೆ ಕಡೆ ಹೋಗ್ಬಿಡಿ."

ಪಾರ್ಟಿ ಒಂಬತ್ತಕ್ಕೇ ಬಂತು. ವೆಂಕಟೇಶಪ್ಪನವರು ಆಗ ಚೌಕಳಿ ಲುಂಗಿ, ತೂತು ಬನೀನು, ಕೈಯಲ್ಲಿ ಸ್ಪ್ಯಾನರ್ ಸಮೇತ ಸಂಪಿನಿಂದ ಮೇಲೇಳುತ್ತಿದ್ದರು. ಕಾರಿಳಿದ ಆಶಾರಾಣಿ ಮೇಡಂ, "ನೀವು ವಾಚ್‌ಮನ್ನಾ?" ಎಂದು ಕೇಳಿದರು. ಹಿಂದಿನಿಂದ ಕೊಟ್ರೇಶ್ ಕಣ್ಣು ಹೊಡೆದ.

"ಊಂ ಮೇಡಂ," ಎಂದರು ಎಂಟು ಮನೆಗಳ ಒಡೆಯರು.

"ಓನರ್ ಹೇಗೆ?"

ತಮ್ಮನ್ನು ತಾವೇ ಹೊಗಳಿಕೊಳ್ಳಲು ಇಂಥ ಸುಯೋಗ ಯಾರಿಗುಂಟು! "ದೇವ್ರಂಥ ಮನುಸ್ರು ಮೇಡಂ. ಚಿನ್ನ! ಅಂಥೋರು ಇನ್ ಉಟ್ಟಲ್ಲ."

"ಚಿನ್ನ ಅಂತೀರಾ, ನಿಮಗೊಂದು ಬನೀನ್ ಕೊಡ್ಸಿಲ್ವಲ್ಲ!"

ಮೊದಲ ಮಹಡಿಯ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ವೆಂಕಟೇಶಪ್ಪನವರು ಚಿಲಕ ಮೇಲಕ್ಕೆತ್ತಿ ಮೊಣಕಾಲಲ್ಲಿ ಒಂದು ಕೊಟ್ಟರು, ತೆರೆಯಿತು. ಎರಡನೆಯದರಲ್ಲಿ ನಲ್ಲಿ ಸೋರುತ್ತಿತ್ತು. ಸೊಂಟದಲ್ಲಿದ್ದ ಸೈಕಲ್ ಟ್ಯೂಬಿನ ತುಂಡು ಬಿಗಿದರು, ನಿಂತಿತು. ಮೂರನೆಯದಕ್ಕೆ ಹತ್ತುತ್ತಿದ್ದವರು ನಡುಮೆಟ್ಟಿಲಲ್ಲಿ ಕಿವಿಗೊಟ್ಟು ನಿಂತು, "ಮೋಟ್ರು ಗಾಳಿ ಎಳೀತೈತೆ!" ಎಂದು ಓಡಿಹೋಗಿ, ಅದಕ್ಕೊಂದು ಚೊಂಬು ನೀರು ಕುಡಿಸಿ ಬಂದರು.

"ಇಲ್ಲಿಂದ ಹೇಗೆ ಗೊತ್ತಾಯ್ತು?" ಮೇಡಂ ಬೆರಗಾದರು.

"ಅದ್ರ ಗಂಟ್ಲು ನಂಗೊತ್ತಿಲ್ವಾ ಮೇಡಂ!"

ಬಿಲ್ಡಿಂಗ್ ಒಪ್ಪಿಗೆಯಾಯಿತೆಂದು ಅವರ ಎದೆ ಉಬ್ಬಿತು. ಕೆಳಗೆ ಬಂದು ಮೋಟರ್ ಆಫ್ ಮಾಡಿ ನೋಡಿದರೆ, ಕೊಟ್ರೇಶನಿಂದ ವಾಚ್‌ಮನ್ ವಿಷಯ ತಿಳಿದ ಅಂಜಿನಮ್ಮ ರೇಷ್ಮೆ ಸೀರೆಯುಟ್ಟು, ಕಾಫಿ ಹಿಡಿದು ಗೇಟಿನ ಪಕ್ಕ ಕುರ್ಚಿಯಲ್ಲಿ ಓನರಮ್ಮನಾಗಿ ಕೂತಿದ್ದಳು.

"ಆಂಟಿ, ಬಾಗಿಲು, ನಲ್ಲಿ, ಮೋಟರ್ ಯಾವ್ದೂ ಸರಿ ಇಲ್ಲ. ಆದ್ರೂ ನೀವು ಹೇಳಿದ ರೇಟಿಗೇ ತಗೋತೀನಿ. ಆದ್ರೆ ಈ ವಾಚ್‌ಮನ್ ಐದು ವರ್ಷ ಇಲ್ಲೇ ಇರ್ಬೇಕು. ಅಗ್ರಿಮೆಂಟಲ್ಲೇ ಬರಿಸ್ತೀನಿ. ಇವ್ರಿಲ್ಲ ಅಂದ್ರೆ ಬಿಲ್ಡಿಂಗೂ ಬೇಡ," ಎಂದರು ಮೇಡಂ.

ವೆಂಕಟೇಶಪ್ಪನವರಿಗೆ ಇನ್ನೂ ಐದು ವರ್ಷ ಅದೇ ಸ್ವಿಚ್ಚು! ನಿಜ ಹೇಳಿಬಿಡು ಮಾರಾಯ್ತಿ ಎಂದು ಹೆಂಡತಿಗೆ ಕಣ್ಣಲ್ಲೇ ಬೇಡಿಕೊಂಡರು. ಅಂಜಿನಮ್ಮ ಒಮ್ಮೆ ಅವರನ್ನು ನೋಡಿದಳು. ಒಮ್ಮೆ ಮೆಟ್ಟಿಲು ನೋಡಿದಳು. ಸೊಂಟ ಹಿಡಿದುಕೊಂಡಳು.

"ಇಟ್ಕೊಳಮ್ಮ. ಮೂವತ್ತು ವರ್ಸದಿಂದ ನಮ್ಮಲ್ಲೇ ಅವ್ನೆ. ಗೊರಕೆ ಒಡೀತಾನೆ, ಕೆಲ್ಸ ಮಾತ್ರ ಅಚ್ಚುಕಟ್ಟು."

"ಇವ್ರ ಹೆಸರೇನು? ಅಗ್ರಿಮೆಂಟಿಗೆ ಬೇಕು."

ಬದುಕಿದೆ! ವೆಂಕಟೇಶಪ್ಪನವರು ಉಸಿರು ಬಿಟ್ಟರು. ಇಲ್ಲಿ ಕ್ಯಾಲೆಂಡರೂ ಇಲ್ಲ. ಇವಳು ತಡವರಿಸಬೇಕು, ಗುಟ್ಟು ಬಯಲಾಗಬೇಕು. ಈ ಪಾರ್ಟಿ ಹೋದರೆ ಇನ್ನೊಂದು ಬರುತ್ತದೆ.

ಅಂಜಿನಮ್ಮ ಎದ್ದು ಅತ್ತ ತಿರುಗಿ, ಕೆನ್ನೆ ಬಡಿದುಕೊಂಡು, ಆಕಾಶಕ್ಕೆ ಕೈಮುಗಿದು ಪಿಸುಗುಟ್ಟಿದಳು. "ತಿಮ್ಮಪ್ಪಾ, ಆಯಸ್ಸು ಕಮ್ಮಿ ಮಾಡಿದ್ರೂ ಐದು ವರ್ಸ ಬಿಟ್ಟು ಮಾಡಪ್ಪಾ, ಅಗ್ರಿಮೆಂಟ್ ಐತೆ."

ಅಷ್ಟರಲ್ಲಿ ಮೂರನೇ ಮಹಡಿಯಿಂದ ಕೂಗು ಬಂತು. "ಅಂಕಲ್, ನೀರು!"

ಅಂಜಿನಮ್ಮ ಇತ್ತ ತಿರುಗಿ ಗಂಟಲು ಸರಿಮಾಡಿಕೊಂಡಳು. "ಲೋ ವೆಂಕಟೇಸಾ!" ಬೀದಿಗೆ ಬೀದಿಯೇ ತಿರುಗಿ ನೋಡಿತು. "ಏನ್ ಬಾಯ್ಬಿಟ್ಕೊಂಡ್ ನಿಂತಿದ್ದೀಯ? ಉಡ್ಗಿ ಕೂಗ್ತಾ ಅವ್ಳೆ, ಮೋಟ್ರು ಆಕೋಗು!"

ವೆಂಕಟೇಶಪ್ಪನವರು ಬಾಯಿ ತೆರೆದು ಪ್ರತಿಭಟಿಸಬೇಕೆಂದೇ ಇದ್ದರು. ಆದರೆ ಹದಿನಾಲ್ಕು ವರ್ಷದ ಅಭ್ಯಾಸ ನೋಡಿ, ಕಾಲುಗಳು ಆಗಲೇ ಸ್ವಿಚ್ಚಿನ ಕಡೆ ಓಡುತ್ತಿದ್ದವು.